ಸಂಚಿಯ ಹೊನ್ನಮ್ಮನ ಮೂಲ: ಯಳಂದೂರಿನ ನಂಟಿನ ಪರಿಶೀಲನೆ

‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ (1673–1704) ಕಾಲದವಳು. ಒಂಬತ್ತು ಸಂಧಿಗಳ ಈ ಸಾಂಗತ್ಯ ಕೃತಿ 17ನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದ ಅರಮನೆಯ ಆಶ್ರಯದಲ್ಲಿ ಹುಟ್ಟಿತು. ಕೃತಿ ಯಾರದು, ಯಾವ ಕಾಲದ್ದು ಎಂಬುದರಲ್ಲಿ ಗೊಂದಲವಿಲ್ಲ. ತೊಡಕು ಇರುವುದು ಕವಯಿತ್ರಿಯ ಹುಟ್ಟೂರು, ಮನೆತನಗಳ ವಿಷಯದಲ್ಲಿ. ಸಾಹಿತ್ಯ ಚರಿತ್ರೆಗಳು ಆಕೆಯನ್ನು ಯಳಂದೂರಿನವಳೆಂದೇ ಹೇಳುತ್ತ ಬಂದಿವೆ. ಈಗಿನ ಚಾಮರಾಜನಗರ ಜಿಲ್ಲೆಯ ಈ ಊರಿಗೂ ಆಕೆಗೂ ಇರುವ ನಂಟನ್ನು ಒಪ್ಪುವ ಮೊದಲು, ಅದು ನಿಂತಿರುವ ಆಧಾರಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಮೊದಲ ಆಧಾರ ಕೃತಿಯೇ. ಪೀಠಿಕಾಭಾಗದಿಂದ ಖಚಿತವಾಗಿ ದೊರೆಯುವ ಸಂಗತಿಗಳು ನಾಲ್ಕು: ಆಕೆ ಅರಮನೆಯ ಸಂಚಿಯ ಊಳಿಗದವಳು, ಪಟ್ಟದರಾಣಿ ದೇವಾಜಮ್ಮಣ್ಣಿಯ ಪ್ರೀತಿಗೆ ಪಾತ್ರಳಾದವಳು, ಸಿಂಗರಾರ್ಯನ ಶಿಷ್ಯೆ, ಶ್ರೀರಂಗಪಟ್ಟಣದ ಪಶ್ಚಿಮರಂಗನ ಭಕ್ತೆ. ಹೆತ್ತವರು ಯಾರು, ಕುಲ ಯಾವುದು, ಮದುವೆಯಾಗಿತ್ತೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ. ಅದೇ ಆಸ್ಥಾನದ ಪುರುಷ ಕವಿಗಳಾದ ತಿರುಮಲಾರ್ಯ, ಚಿಕುಪಾಧ್ಯಾಯರು ಮಂತ್ರಿಗಳೂ ಆಗಿದ್ದವರು. ಅವರ ವಂಶ, ಪದವಿ, ಗುರುಪರಂಪರೆಗಳು ಮತ್ತೆ ಮತ್ತೆ ದಾಖಲಾಗಿವೆ. ಹೊನ್ನಮ್ಮನಿಗೆ ಉಳಿದದ್ದು ಮಾಡುತ್ತಿದ್ದ ಕೆಲಸದ ಹೆಸರು. ಹಲವು ಒಳಚೀಲಗಳಿದ್ದು, ದಾರ ಎಳೆದು ಬಿಗಿಯುವ ಬಟ್ಟೆಯ ಸಂಚಿ ಹಳೆಯ ಮೈಸೂರು ಸೀಮೆಯವರಿಗೆ ಅಪರಿಚಿತವಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಲವಂಗಗಳಿಗೆ ಅದರಲ್ಲಿ ಬೇರೆ ಬೇರೆ ಜಾಗ. ಅರಮನೆಯಲ್ಲಿ ಅದನ್ನು ಹಿಡಿದವಳು ಒಡತಿಯ ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು. ಬಾಯಿಗೆ ಹೋಗುವ ಪದಾರ್ಥ ಅವಳ ಕೈಯಿಂದ ಹೋಗುವುದರಿಂದ ಪೂರ್ಣ ನಂಬಿಕೆಯವಳೇ ಆಗಿರಬೇಕು. ಕಾವ್ಯವಾಚನ, ಪುರಾಣ ಶ್ರವಣಗಳು ನಡೆಯುವಾಗಲೂ ಅವಳು ಅಲ್ಲೇ ಇರುತ್ತಾಳೆ. ಊಳಿಗದ ಹೆಂಗಸೊಬ್ಬಳಿಗೆ ವಿದ್ಯೆಯ ಬಾಗಿಲು ತೆರೆದದ್ದು ಹೇಗೆ ಎಂಬುದಕ್ಕೆ ಈ ಸಾಮೀಪ್ಯ ಒಳ್ಳೆಯ ವಿವರಣೆ ಕೊಡುತ್ತದೆ.

ಯಳಂದೂರಿನ ಮಾತು ಬರುವುದು ರಾಣಿಯ ಮೂಲಕ. ದೇವಾಜಮ್ಮಣ್ಣಿ ಯಳಂದೂರಿನ ಅರಸು ಮನೆತನದ ಹೆಣ್ಣು. ಮದುವೆಯಾಗಿ ಹೋಗುವ ರಾಜಕುಮಾರಿಯ ಜೊತೆ ತವರಿನ ನಂಬಿಕೆಯ ಸೇವಕಿಯರೂ ಹೋಗುತ್ತಿದ್ದರು. ಹೊನ್ನಮ್ಮ ರಾಣಿಯ ಬಾಲ್ಯದ ಒಡನಾಡಿ, ಅವಳೊಡನೆಯೇ ತವರಿನಿಂದ ಬಂದವಳು ಎಂಬ ಹೇಳಿಕೆ ಈ ರೂಢಿಗೆ ಹೊಂದುತ್ತದೆ. ಆದರೂ ಇದು ಊಹೆಯೇ ಹೊರತು ನೇರ ಸಾಕ್ಷ್ಯವಲ್ಲ ಎಂಬುದನ್ನು ಮರೆಯಬಾರದು.

ಊಹೆಗೆ ಬಲ ಕೊಡುವ ಸಂಗತಿಗಳು ಬೇರೆ ಕಡೆ ಇವೆ. ಪಟ್ಟಕ್ಕೆ ಬರುವ ಮೊದಲು ಚಿಕ್ಕದೇವರಾಜ ಕಳೆದ ವರ್ಷಗಳು ರಾಜಧಾನಿಯವಲ್ಲ, ಗುಂಡ್ಲುಪೇಟೆ ಬಳಿಯ ಹಂಗಳದವು. ತಂದೆಯ ನೆನಪಿಗೆ ಆತ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ್ದೂ ಗುಂಡ್ಲುಪೇಟೆಯಲ್ಲೇ. ಆತನ ಓದಿನ ಗೆಳೆಯನಾಗಿದ್ದು ಮುಂದೆ ಮಂತ್ರಿಯಾದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಯಳಂದೂರಿನವನು. ಹೀಗೆ ರಾಣಿಯ ತವರೂ ಮಂತ್ರಿಯ ಊರೂ ಒಂದೇ. ಆಸ್ಥಾನದಲ್ಲಿ ಯಳಂದೂರಿನವರ ಒಂದು ಬಳಗವೇ ಇತ್ತೆನ್ನಲು ಇಷ್ಟು ಸಾಕು. ಅಂಥ ಬಳಗದಲ್ಲಿ ಹೊನ್ನಮ್ಮನೂ ಒಬ್ಬಳೆನ್ನುವುದು ಸಹಜವಾಗಿ ಕೂಡಿಕೊಳ್ಳುತ್ತದೆ.

ಆ ಕಾಲದ ಯಳಂದೂರು ಸಣ್ಣ ಊರಾಗಿರಲಿಲ್ಲ. ಅದು ಹದಿನಾಡಿನ ಪಾಳೆಯಗಾರರ ನೆಲೆ. ಗೌರೀಶ್ವರ ದೇವಾಲಯದ ಮಹಾದ್ವಾರವಾದ ಬಳೆಮಂಟಪವನ್ನು 17ನೆಯ ಶತಮಾನದ ನಡುವಿನಲ್ಲಿ ಅವರಲ್ಲೊಬ್ಬನಾದ ಮುದ್ದರಾಜ ಕಟ್ಟಿಸಿದ. ಕಲ್ಲಿನಲ್ಲೇ ಕಡೆದ ಬಳೆಗಳು ಒಂದಕ್ಕೊಂದು ಕೋದು ಮೂಲೆಗಳಿಂದ ಇಳಿಬಿದ್ದಿರುವುದರಿಂದ ಅದಕ್ಕೆ ಆ ಹೆಸರು. ‘ರಾಜಶೇಖರ ವಿಳಾಸ’ (1655), ‘ವೃಷಭೇಂದ್ರ ವಿಜಯ’ (1671) ಚಂಪೂಕಾವ್ಯಗಳ ಕರ್ತೃ ಷಡಕ್ಷರದೇವ ಮಳವಳ್ಳಿ ಸೀಮೆಯ ಧನಗೂರಿನವನು. ಮಠಾಧಿಪತಿಯಾಗಿ ನೆಲೆಸಿದ್ದು ಯಳಂದೂರಿನಲ್ಲಿ. ಹೊನ್ನಮ್ಮ ಬೆಳೆದದ್ದು ಇಲ್ಲಿಯೇ ಎಂದಾದರೆ, ಕನ್ನಡದ ಮಹಾಕವಿಯೊಬ್ಬ ಬದುಕಿ ಬರೆಯುತ್ತಿದ್ದ ಊರಿನಲ್ಲಿ ಬೆಳೆದಂತಾಯಿತು.

ಆದರೆ ಆಕೆಯ ಕಾವ್ಯದಲ್ಲಿ ಷಡಕ್ಷರದೇವನ ಜಾಡು ಕಾಣುವುದಿಲ್ಲ. ಆತನದು ವೀರಶೈವ ಪರಂಪರೆ, ಸಂಸ್ಕೃತದಿಂದ ತುಂಬಿದ ಪ್ರೌಢ ಚಂಪೂ. ಈಕೆಯದು ವೈಷ್ಣವ ಭಕ್ತಿ, ಹಾಡಲು ಒಗ್ಗುವ ಸಾಂಗತ್ಯ, ತಿಳಿಯಾದ ಕನ್ನಡ. ಈ ಹದ ಬಂದದ್ದು ಶ್ರೀರಂಗಪಟ್ಟಣದಲ್ಲಿ. ಗುರು ಸಿಂಗರಾರ್ಯ ತಿರುಮಲಾರ್ಯನ ತಮ್ಮ. ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ‘ಮಿತ್ರವಿಂದಾ ಗೋವಿಂದ’ವನ್ನು ರಚಿಸಿದವನು. ದೊರೆತಿರುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ಕನ್ನಡದ ಮೊದಲ ನಾಟಕಕಾರನೇ ಸಂಚಿ ಹೊರುವ ಹೆಣ್ಣಿಗೆ ಕಾವ್ಯ ಕಲಿಸಿದ, ಅವಳ ಪ್ರತಿಭೆಯನ್ನು ಬಾಯ್ತುಂಬ ಹೊಗಳಿದ. ಆದ್ದರಿಂದ ಹುಟ್ಟೂರಿನ ಪ್ರಶ್ನೆಯನ್ನು ಕಾವ್ಯದ ಮೂಲದ ಪ್ರಶ್ನೆಯೊಡನೆ ಬೆರೆಸಬಾರದು. ಹುಟ್ಟು ಯಳಂದೂರಿನದೇ ಇರಲಿ, ಕವಯಿತ್ರಿಯಾಗಿ ಆಕೆ ಶ್ರೀರಂಗಪಟ್ಟಣದವಳು.

ಶಾಸನಗಳ ಕಡೆ ತಿರುಗಿದರೆ ಹೆಚ್ಚಿನ ನೆರವು ಸಿಗದು. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ. ಪಕ್ಕದ ಕೊಳ್ಳೇಗಾಲವೂ ಅದರೊಳಗಿದ್ದ ಹನೂರು ಸೀಮೆಯೂ 1799ರ ನಂತರ ಕಂಪನಿಯ ಆಡಳಿತಕ್ಕೆ ಸೇರಿ, 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಹಾಗಾಗಿ ರೈಸರ ಸಂಪುಟದಿಂದ ಹೊರಗುಳಿದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಕೂಗಳತೆಯ ಊರುಗಳ ಚರಿತ್ರೆ ಹೀಗೆ ಮೂರು ಆಡಳಿತಗಳ ಕಡತಗಳಲ್ಲಿ ಹಂಚಿಹೋಯಿತು. ಅವೆಲ್ಲ ಒಂದೆಡೆ ಇದ್ದಿದ್ದರೂ ದಾನ ಕೊಟ್ಟವರ, ಗುಡಿ ಕಟ್ಟಿಸಿದವರ ಹೆಸರು ಸಿಗುತ್ತಿತ್ತೇ ವಿನಾ ಊಳಿಗದವರದಲ್ಲ. ಯಳಂದೂರಿನ ಪಕ್ಕ ಹರಿಯುವ ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎನ್ನುತ್ತಾರೆ. ಆ ಹೊಳೆಯಿಂದ ಹೊನ್ನಮ್ಮನ ಹೆಸರಿಗೆ ಗಂಟು ಹಾಕುವುದು ಸೊಗಸಾಗಿ ಕಂಡರೂ ಸಾಕ್ಷ್ಯವಾಗದು. ಮೈಸೂರು ಸೀಮೆಯ ಯಾವ ಊರಿನಲ್ಲಾದರೂ ಇಡಬಹುದಾದ ಹೆಸರದು.

ಇದೇ ನೆಲದ ಮೌಖಿಕ ಪರಂಪರೆಯನ್ನೂ ಗಮನಿಸಬೇಕು. ಹನೂರಿನ ಮಲೆ ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಜೇನಿಗೆ ಕಾಡಿಗೆ ಹೊರಟ ಸೋಲಿಗರ ನೀಲಯ್ಯ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ ಭಾಷೆ ಕೇಳುತ್ತಾನೆ. ಅವಳು ಒಪ್ಪುವುದಿಲ್ಲ, ಹಿಂಸೆಯನ್ನು ಅನುಭವಿಸುತ್ತಾಳೆ, ಭಾಷೆ ಕೊಡುವುದಿಲ್ಲ. ಕಂಸಾಳೆಯವರು ಹಾಡುವ ಈ ಕಥೆಯದೂ ಹೊನ್ನಮ್ಮನ ಕೃತಿಯದೂ ವಸ್ತು ಒಂದೇ, ಪತಿವ್ರತೆಯ ನಡತೆ. ದಾರಿ ಮಾತ್ರ ಬೇರೆ. ಹೊನ್ನಮ್ಮ ಪುರಾಣದ ಸತಿಯರನ್ನು ನಿದರ್ಶನವಾಗಿಟ್ಟು ಧರ್ಮ ಹೇಳುತ್ತಾಳೆ. ಗಂಡನ ಸೇವೆಯನ್ನು ಎತ್ತಿಹಿಡಿಯುತ್ತಾಳೆ. ಎರಡರ ನಡುವೆ ಕೊಡುಕೊಳೆ ನಡೆದಿತ್ತೆನ್ನಲು ಪದಗಳಲ್ಲಾಗಲಿ ಕಥೆಗಳಲ್ಲಾಗಲಿ ಆಧಾರ ಕಾಣದು. ವಸ್ತುಸಾಮ್ಯವೊಂದರಿಂದಲೇ ಆಕೆಯನ್ನು ಈ ಸೀಮೆಯವಳೆಂದು ಸಾಧಿಸಲಾಗದು.

ಕೃತಿಯೊಳಗೆ ಆಕೆಯ ಸ್ವಂತ ದನಿ ಎದ್ದು ಕೇಳುವುದು ಹೆಣ್ಣು ಮಗುವಿನ ಪರವಾಗಿ ಆಡುವ ಮಾತುಗಳಲ್ಲಿ. ಎಲ್ಲರನ್ನೂ ಹೆತ್ತವಳು, ಸಾಕಿದವಳು ಹೆಣ್ಣೇ ಆಗಿರುವಾಗ ಹೆಣ್ಣೆಂದು ಹೀಗಳೆಯುವವರು ಕುರುಡರೆಂದು ಆಕೆ ಕಡ್ಡಿ ಮುರಿದಂತೆ ಹೇಳುತ್ತಾಳೆ. ಶಾಸ್ತ್ರಗ್ರಂಥಗಳನ್ನು ಅನುಸರಿಸುವ ಭಾಗಗಳಿಗೂ ಇದಕ್ಕೂ ಇರುವ ಬಿಸಿಯ ಅಂತರ ದೊಡ್ಡದು. ಹುಟ್ಟು ಬದುಕುಗಳ ಸುಳಿವನ್ನು ಕೃತಿಯಲ್ಲಿ ಎಲ್ಲಾದರೂ ಹುಡುಕಬೇಕಾದರೆ ಊರಿನ ಹೆಸರಿಗಿಂತ ಇಲ್ಲಿ ಹುಡುಕುವುದು ಲೇಸು.

ಅರಮನೆಯ ಆಶ್ರಯದಲ್ಲಿ ಹೆಂಗಸರು ಕಾವ್ಯ ಬರೆಯುವುದು ದಕ್ಷಿಣದಲ್ಲಿ ಆ ವೇಳೆಗೆ ಹೊಸದಲ್ಲ. ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ರಾಮಭದ್ರಾಂಬೆ, ಮಧುರವಾಣಿಯರು ಸಂಸ್ಕೃತದಲ್ಲಿ ಬರೆದಿದ್ದರು. ಮೈಸೂರಿನಲ್ಲಿ ಹೊನ್ನಮ್ಮನ ಸಮಕಾಲೀನಳಾದ ಶೃಂಗಾರಮ್ಮ ‘ಪದ್ಮಿನೀ ಕಲ್ಯಾಣ’ವನ್ನೂ, ಮುಂದೆ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ‘ವರನಂದಿ ಕಲ್ಯಾಣ’ವನ್ನೂ ಸಾಂಗತ್ಯದಲ್ಲೇ ರಚಿಸಿದರು. ಅವೆರಡೂ ದೇವರ ಮದುವೆಯ ಕಥೆಗಳು. ನೇರವಾಗಿ ಹೆಂಗಸರ ಬಾಳನ್ನೇ ವಸ್ತುವಾಗಿಸಿಕೊಂಡವಳು ಈ ಮೂವರಲ್ಲಿ ಸಂಚಿಯ ಊಳಿಗದವಳೊಬ್ಬಳೇ.