ತಾರೀಖು ಉಳಿಸಿಕೊಂಡ ಹಬ್ಬ, ಹಬ್ಬ ಬಿಟ್ಟುಬಂದ ಬುದ್ಧ

ಕ್ಯಾಥೊಲಿಕ್ ಧರ್ಮಸಭೆಯ ಸಂತರ ಸಾಲಿನಲ್ಲಿ ಬುದ್ಧನೂ ಒಮ್ಮೆ ಸದ್ದಿಲ್ಲದೆ ಸೇರಿಹೋಗಿದ್ದ. 16ನೆಯ ಶತಮಾನದ ಕೊನೆಗೆ ರೋಮಿನಲ್ಲಿ ಸಿದ್ಧವಾದ ಸಂತರ ಪಟ್ಟಿಯು ನವೆಂಬರ್ 27ನೆಯ ದಿನವನ್ನು ಬರ್ಲಾಮ್ ಮತ್ತು ಜೋಸಫಾತ್ ಎಂಬಿಬ್ಬರಿಗೆ ಮೀಸಲಿಟ್ಟಿತು. ಕಥೆಯ ಪ್ರಕಾರ ಜೋಸಫಾತ್ ಭಾರತದ ರಾಜಕುಮಾರ. ಮುಪ್ಪು, ರೋಗ, ಸಾವು ಮಗನ ಕಣ್ಣಿಗೆ ಬೀಳಬಾರದೆಂದು ತಂದೆ ಅವನನ್ನು ಅರಮನೆಯೊಳಗೇ ಬೆಳೆಸುತ್ತಾನೆ. ಆದರೂ ಒಂದು ದಿನ ಅವು ಕಣ್ಣಿಗೆ ಬೀಳುತ್ತವೆ. ಬರ್ಲಾಮ್ ಎಂಬ ಸನ್ಯಾಸಿಯ ಉಪದೇಶದಿಂದ ಹುಡುಗ ಕ್ರೈಸ್ತನಾಗಿ, ಕಡೆಗೆ ರಾಜ್ಯ ಬಿಟ್ಟು ಮರುಭೂಮಿ ಸೇರುತ್ತಾನೆ. ಬೋಧಿಸತ್ವ ಎಂಬ ಹೆಸರು ಅರಬ್ಬಿಗೆ ಹೋಗಿ ಬೂದಾಸಫ್ ಆಯಿತು. ಅರಬ್ಬಿ ಲಿಪಿಯಲ್ಲಿ ಪದದ ಮೊದಲಿಗೆ ಬರುವ ‘ಬ’ಕ್ಕೂ ‘ಯ’ಕ್ಕೂ ಒಂದೇ ಚುಕ್ಕೆಯ ಅಂತರ, ಆ ಚುಕ್ಕೆ ಹೆಚ್ಚಿ ಅದು ಯೂದಾಸಫ್ ಆಯಿತು. ಅಲ್ಲಿಂದ ಜಾರ್ಜಿಯನ್, ಗ್ರೀಕ್ ದಾಟಿ ಲ್ಯಾಟಿನ್ನಿಗೆ ಬರುವ ಹೊತ್ತಿಗೆ ಜೋಸಫಾತ್. ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಬರುವ ಪೆಟ್ಟಿಗೆಗಳ ಪರೀಕ್ಷೆಯ ಎಳೆಯೂ ಬರ್ಲಾಮ್ ಹೇಳುವ ಒಂದು ದೃಷ್ಟಾಂತಕ್ಕೆ ತಾಗುತ್ತದೆ. ಇದು ಬುದ್ಧನದೇ ಕಥೆ ಎಂಬುದನ್ನು ವಿದ್ವಾಂಸರು ಖಚಿತಪಡಿಸಿದ್ದು 19ನೆಯ ಶತಮಾನದ ನಡುವೆ.

ಕ್ಯಾಥೊಲಿಕ್ ಹಬ್ಬವೂ ಬೌದ್ಧ ವಿಚಾರವೂ ಆಮೇಲೆ ಜನಪ್ರಿಯ ಸಂಸ್ಕೃತಿಯೊಳಗೆ ಬಂದ ದಾರಿಗಳು ಬೇರೆಬೇರೆ. ಹಬ್ಬಗಳು ತಾರೀಖು, ತಿಂಡಿ, ವೇಷಗಳನ್ನು ಹೊತ್ತು ಬಂದವು. ದೇವತಾಶಾಸ್ತ್ರ ಹಿಂದೆಯೇ ಉಳಿಯಿತು. ಬೌದ್ಧಧರ್ಮದ್ದು ಇದಕ್ಕೆ ತದ್ವಿರುದ್ಧ. ಅದರಿಂದ ಪುನರ್ಜನ್ಮ, ಅನಿತ್ಯ, ಧ್ಯಾನದಂಥ ವಿಚಾರಗಳು ಬಂದವು, ಮುಚ್ಚಿದ ಕಣ್ಣಿನ ಒಂದು ಮುಖ ಬಂತು. ವೈಶಾಖದ ಹುಣ್ಣಿಮೆ ಮಾತ್ರ ಬರಲಿಲ್ಲ.

ಹಬ್ಬಗಳ ಈ ರೂಪಾಂತರಕ್ಕೆ ಸಾಂಟಾ ಆಗಿಹೋದ ಸಂತ ನಿಕೊಲಾಸನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂದಿನ ತುರ್ಕಿಯಲ್ಲಿದ್ದ ಮೈರಾ ಪಟ್ಟಣದ ಈ ಬಿಷಪ್ಪರ ಹಬ್ಬ ಡಿಸೆಂಬರ್ 6. 1087ರಲ್ಲಿ ಅವರ ಅಸ್ಥಿಗಳು ಇಟಲಿಯ ಬಾರಿ ಸೇರಿದವು. ಪ್ರೊಟೆಸ್ಟಂಟರು ಸಂತರ ಆರಾಧನೆಯನ್ನು ಕೈಬಿಟ್ಟ ಮೇಲೂ ಮಕ್ಕಳಿಗೆ ಉಡುಗೊರೆ ತರುವ ಈ ಮುದುಕ ಡಚ್ಚರ ಮನೆಗಳಲ್ಲಿ ಉಳಿದುಕೊಂಡ. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಅಚ್ಚಾದ ಪದ್ಯ ಅವನ ಜಿಂಕೆಬಂಡಿಯನ್ನು ಮನೆಮಾತಾಗಿಸಿತು. 1863ರಿಂದ ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್ ಮೈಕಟ್ಟು ಕೊಟ್ಟ. 1931ರಿಂದ ಹ್ಯಾಡನ್ ಸಂಡ್‌ಬ್ಲಾಮ್ ಕೋಕಾಕೋಲಾ ಜಾಹೀರಾತಿಗೆ ಬರೆದ ಚಿತ್ರಗಳು ಆ ಮುಖವನ್ನು ಊರೂರಿಗೆ ಮುಟ್ಟಿಸಿದವು. ಕೆಂಪು ಅಂಗಿ ತೊಡಿಸಿದ್ದೇ ಕೋಕಾಕೋಲಾ ಎಂಬ ಮಾತು ಸುಳ್ಳು. ಅಂಗಿ ಅದಕ್ಕೂ ಮೊದಲೇ ಕೆಂಪಾಗಿತ್ತು.

1969ರಲ್ಲಿ ರೋಮ್ ತನ್ನ ಪಂಚಾಂಗವನ್ನು ಪರಿಷ್ಕರಿಸಿತು. ನಿಕೊಲಾಸನ ದಿನ ಐಚ್ಛಿಕ ಸ್ಮರಣೆಗೆ ಇಳಿಯಿತು. ಫೆಬ್ರವರಿ 14ರ ವ್ಯಾಲೆಂಟೈನ್ ಸಾಮಾನ್ಯ ಪಂಚಾಂಗದಿಂದಲೇ ಹೊರಬಿದ್ದ. ಅವನ ಬದುಕಿನ ಬಗ್ಗೆ ನಂಬಬಹುದಾದ ಮಾಹಿತಿ ಇಲ್ಲದೇ ಹೋದದ್ದು ಕಾರಣ. ಹೂವಿನಂಗಡಿಗಳಿಗೆ ಅದರಿಂದ ಏನೂ ಆಗಲಿಲ್ಲ. ಧರ್ಮಸಭೆ ಕೈಬಿಟ್ಟ ತಾರೀಖನ್ನು ಮಾರುಕಟ್ಟೆ ನಿಷ್ಠೆಯಿಂದ ಆಚರಿಸುತ್ತ ಬಂದಿದೆ.

ಹ್ಯಾಲೊವೀನಿನದೂ ಹೆಚ್ಚುಕಡಿಮೆ ಇದೇ ಕಥೆ. ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನ ಸಕಲ ಮೃತರ ಸ್ಮರಣೆ; ಹ್ಯಾಲೊವೀನ್ ಎಂದರೆ ಸಕಲ ಸಂತರ ಹಬ್ಬದ ಮುನ್ನಾ ಸಂಜೆ. ಐರಿಷ್ ವಲಸಿಗರು ಊರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಕೈಗೆ ಸಿಕ್ಕಿದ್ದು ಕುಂಬಳಕಾಯಿ. 1978ರಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೊವೀನ್’ ಚಿತ್ರ ಮಾಡಿದಾಗ ಅದರಲ್ಲಿ ಸಂತರಿಗೆ ಜಾಗವೇ ಇರಲಿಲ್ಲ. ತಪಸ್ಸುಕಾಲದ ಉಪವಾಸಕ್ಕೆ ಮುಂಚಿನ ಕಾರ್ನಿವಲ್ ಕೂಡ ಹಾಗೆಯೇ: ‘ಬ್ಲ್ಯಾಕ್ ಆರ್ಫಿಯಸ್’ (1959) ಚಿತ್ರದಿಂದ ಜಗತ್ತಿನ ಕಣ್ಣಿಗೆ ಬಿದ್ದ ರಿಯೊ ಮೆರವಣಿಗೆಗೆ 1984ರಲ್ಲಿ ಕಾಂಕ್ರೀಟಿನ ಗ್ಯಾಲರಿಯೇ ಕಟ್ಟಿಯಾಯಿತು.

ಸ್ಪೇನಿನ ಬುನ್ಯೋಲ್ ಪಟ್ಟಣದ ಟೊಮ್ಯಾಟೊ ಎರಚಾಟದ ಅಲೆ ಕರ್ನಾಟಕಕ್ಕೂ ತಾಗಿತು. ಆಗಸ್ಟ್ ಕೊನೆಯ ಬುಧವಾರ ನಡೆಯುವ ‘ಲಾ ಟೊಮಾಟಿನಾ’ ಆ ಊರ ಪಾಲಕ ಸಂತನ ಹಬ್ಬದ ವಾರದ್ದು. 1945ರಲ್ಲಿ ಹುಡುಗರ ಜಗಳದಲ್ಲಿ ಹುಟ್ಟಿತೆಂದು ಹೇಳುತ್ತಾರೆ. 2011ರ ಹಿಂದಿ ಚಿತ್ರ ‘ಜಿಂದಗಿ ನ ಮಿಲೇಗಿ ದೊಬಾರಾ’ ಅದನ್ನೂ ಪಾಂಪ್ಲೋನಾದಲ್ಲಿ ಸಂತ ಫರ್ಮಿನನ ಹಬ್ಬಕ್ಕೆ ನಡೆಯುವ ಗೂಳಿ ಓಟವನ್ನೂ ತೋರಿಸಿತು. ಅದೇ ವರ್ಷ ಬೆಂಗಳೂರು, ಮೈಸೂರುಗಳಲ್ಲಿ ಟೊಮ್ಯಾಟೊ ಎರಚಾಟದ ಯೋಜನೆ ಎದ್ದಿತು. ಆಹಾರ ಹಾಳು ಮಾಡುವುದಕ್ಕೆ ವಿರೋಧ ಬಂತು, ಮುಖ್ಯಮಂತ್ರಿ ಡಿ.ವಿ. ಸದಾನಂದಗೌಡರು ಅನುಮತಿ ಬೇಡವೆಂದರು. ವಾದ ನಡೆದದ್ದೆಲ್ಲ ತರಕಾರಿಯ ಬಗ್ಗೆ. ಸಂತನ ಹೆಸರು ಎಲ್ಲೂ ಬರಲಿಲ್ಲ.

ಹಾಗೆಂದು ಎಲ್ಲ ಹಬ್ಬವೂ ಹೀಗೆ ಅಂಗಡಿ ಸೇರುವುದಿಲ್ಲ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ತ್‌ನಲ್ಲಿ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ, ಚರ್ಚಿನಿಂದ ಆಶೀರ್ವಾದದ ತೆನೆ ಮನೆಗೆ ಬರುತ್ತದೆ, ಅದರ ಹೊಸ ಅಕ್ಕಿ ಎಲ್ಲರಿಗೂ ಪಾಲಾಗುತ್ತದೆ, ಊಟ ಸಸ್ಯಾಹಾರಿ. ಗದ್ದೆ, ಚರ್ಚು, ಕುಟುಂಬ ಮೂರೂ ಇಲ್ಲದೆ ಅದು ನಡೆಯದು. ಎಲ್ಲಿ ಬೇಕಾದರೂ ಒಂಟಿಯಾಗಿ ಆಚರಿಸಬಹುದಾದ, ಒಂದು ವೇಷದಲ್ಲೋ ಒಂದು ಕಾರ್ಡಿನಲ್ಲೋ ಮುಗಿಯುವ ಹಬ್ಬವೇ ದೂರ ಹೋಗುವುದು.

ಮೆಕ್ಸಿಕೊದ ‘ಸತ್ತವರ ದಿನ’ ಈ ಸಾಲಿನಲ್ಲಿ ವಿಶೇಷ. ಅಲ್ಲಿ ಸಿನೆಮಾ ಹಬ್ಬವನ್ನು ತೋರಿಸಿತು, ಹಬ್ಬ ಸಿನೆಮಾವನ್ನು ನೋಡಿ ಬದಲಾಯಿತು. ನವೆಂಬರ್ 1, 2ರ ಕ್ಯಾಥೊಲಿಕ್ ಸ್ಮರಣೆಗೆ ಸ್ಥಳೀಯ ಆಚಾರಗಳು ಬೆರೆತ ಹಬ್ಬವಿದು: ಮನೆಯಲ್ಲಿ ತೀರಿಕೊಂಡವರ ಫೋಟೊ, ಚೆಂಡುಹೂ, ಅವರಿಗೆ ಇಷ್ಟವಾದ ಊಟ. ಹ್ಯಾಟು ಹಾಕಿದ ಅಸ್ಥಿಪಂಜರದ ಚೆಲುವೆ ‘ಕತ್ರೀನಾ’ 20ನೆಯ ಶತಮಾನದ ಆರಂಭದಲ್ಲಿ ಹೊಸೆ ಗ್ವಾದಲೂಪೆ ಪೊಸಾದಾ ಕೊರೆದ ವಿಡಂಬನೆಯ ಚಿತ್ರ. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ ಮೆಕ್ಸಿಕೊ ಸಿಟಿಯಲ್ಲಿ ಭಾರೀ ಮೆರವಣಿಗೆಯೊಂದಿಗೆ ತೆರೆದುಕೊಳ್ಳುತ್ತದೆ. ಅಂಥ ಮೆರವಣಿಗೆ ಆ ನಗರದಲ್ಲಿ ಇರಲೇ ಇಲ್ಲ. ಚಿತ್ರ ನೋಡಿ ಬಂದ ಪ್ರವಾಸಿಗರು ಅದನ್ನು ಹುಡುಕಿ ನಿರಾಶರಾಗಬಾರದಲ್ಲ. 2016ರಲ್ಲಿ ಸರ್ಕಾರವೇ ಅದನ್ನು ಹೊರಡಿಸಿತು. 2013ರಲ್ಲಿ ಡಿಸ್ನಿ ಹಬ್ಬದ ಹೆಸರಿಗೇ ಟ್ರೇಡ್‌ಮಾರ್ಕ್ ಕೇಳಿ, ಜನ ಸಿಡಿದೆದ್ದಾಗ ಅರ್ಜಿ ಹಿಂದಕ್ಕೆ ಪಡೆಯಿತು. ಅದನ್ನು ಗೇಲಿ ಮಾಡಿ ಚಿತ್ರ ಬರೆದ ಲಾಲೊ ಅಲ್ಕರಾಸ್‌ನನ್ನೇ ಆಮೇಲೆ ‘ಕೋಕೊ’ (2017) ಚಿತ್ರಕ್ಕೆ ಸಲಹೆಗಾರನಾಗಿ ಕರೆಸಿಕೊಂಡರು. ‘ಕೋಕೊ’ದಲ್ಲಿ ಫೋಟೊ ಇದೆ, ಹೂವಿನ ಸೇತುವೆ ಇದೆ, ಮರೆತರೆ ಸತ್ತವರು ಎರಡನೆಯ ಬಾರಿ ಸಾಯುತ್ತಾರೆಂಬ ನಿಯಮ ಇದೆ. ಸ್ವರ್ಗ, ಶುದ್ಧೀಕರಣ ಸ್ಥಳಗಳ ಮಾತಿಲ್ಲ.

ಬುದ್ಧ ಬಂದದ್ದು ಪುಸ್ತಕದೊಳಗಿಂದ. 1879ರಲ್ಲಿ ಪ್ರಕಟವಾದ ಎಡ್ವಿನ್ ಅರ್ನಾಲ್ಡನ ‘ದಿ ಲೈಟ್ ಆಫ್ ಏಷ್ಯಾ’ ಇಂಗ್ಲಿಷ್ ಓದುಗರ ಮನೆಗೆ ಅವನನ್ನು ಕಾವ್ಯನಾಯಕನಾಗಿ ಕರೆತಂದಿತು. 1925ರಲ್ಲಿ ಹಿಮಾಂಶು ರಾಯ್ ಮತ್ತು ಫ್ರಾನ್ಸ್ ಆಸ್ಟೆನ್ ಅದರಿಂದ ‘ಪ್ರೇಮ್ ಸನ್ಯಾಸ್’ ಎಂಬ ಮೂಕಿಚಿತ್ರ ಮಾಡಿದರು. ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ 1922ರದು. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಂದೆ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ದುಡಿದವರು. ಪ್ರೊಟೆಸ್ಟಂಟ್ ಮಿಷನರಿ ಮನೆಯ ಈ ಮಗನ ಕಾದಂಬರಿ ಜನಪ್ರಿಯವಾಗಲು 1951ರ ಇಂಗ್ಲಿಷ್ ಅನುವಾದ, ಅದರ ಮೇಲೆ ಅರವತ್ತರ ದಶಕದ ಅಮೆರಿಕನ್ ಹುಡುಗರು ಬೇಕಾದರು. 1950ರ ದಶಕದಲ್ಲಿ ಡಿ.ಟಿ. ಸುಜುಕಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಝೆನ್ ಬಗ್ಗೆ ಪಾಠ ಹೇಳಿದರು. ಫ್ರೆಂಚ್ ಕೆನಡಾ ಮೂಲದ ಕ್ಯಾಥೊಲಿಕ್ ಮನೆಯ ಜ್ಯಾಕ್ ಕೆರುವಾಕ್ 1958ರಲ್ಲಿ ‘ದಿ ಧರ್ಮ ಬಮ್ಸ್’ ಪ್ರಕಟಿಸಿದ. ಅವನ ಬರಹದಲ್ಲಿ ಬೋಧಿಸತ್ವರ ಪಕ್ಕದಲ್ಲಿ ಸಂತ ತೆರೇಸಾಳೂ ಬಂದುಹೋಗುತ್ತಾಳೆ. ಮುಂದೆ ‘ಕುಂಗ್ ಫೂ’ ಧಾರಾವಾಹಿ (1972–75), ಶೀರ್ಷಿಕೆಯಲ್ಲೇ ಝೆನ್ ಇರುವ ಪಿರ್ಸಿಗ್‌ನ ಮೋಟಾರ್‌ಸೈಕಲ್ ಪುಸ್ತಕ (1974), ಬರ್ತಲುಚಿಯ ‘ಲಿಟಲ್ ಬುದ್ಧ’ (1993), ‘ದಿ ಮೇಟ್ರಿಕ್ಸ್’ (1999).

ಈ ಯಾವುದರಲ್ಲೂ ಬೌದ್ಧ ಹಬ್ಬಕ್ಕೆ ಹೇಳಿಕೊಳ್ಳುವಂಥ ಜಾಗ ಸಿಗಲಿಲ್ಲ. ಐರಿಷರು, ಇಟಾಲಿಯನ್ನರು, ಮೆಕ್ಸಿಕನ್ನರು ಅಮೆರಿಕಕ್ಕೆ ಬಂದಾಗ ಅಡುಗೆಮನೆ ಸಮೇತ ಬಂದರು. ಅವರ ಹಬ್ಬ ಬೀದಿಗೆ ಬಂದು ಪಕ್ಕದ ಮನೆಯವರಿಗೂ ಅಂಟಿತು. ಜಪಾನಿ, ಚೀನೀ ವಲಸಿಗರ ಬೌದ್ಧ ಹಬ್ಬಗಳು ಅವರವರ ಕೇರಿಯಲ್ಲೇ ಉಳಿದವು. ಬಿಳಿಯರ ಬೌದ್ಧಧರ್ಮ ಕೇರಿಯಿಂದ ಬಂದದ್ದಲ್ಲ, ಗ್ರಂಥಾಲಯದಿಂದ ಬಂದದ್ದು. ಪುಸ್ತಕದಲ್ಲಿ ಕಡುಬಿನ ವಾಸನೆ ಇರುವುದಿಲ್ಲ.

ತಾರೀಖಿನ ಸರಕೂ ವಿಚಾರದ ಸರಕೂ ಒಂದಾದದ್ದು ಹೆರಾಲ್ಡ್ ರಾಮಿಸ್ ನಿರ್ದೇಶಿಸಿದ ‘ಗ್ರೌಂಡ್‌ಹಾಗ್ ಡೇ’ (1993) ಎಂಬ ಹಾಸ್ಯಚಿತ್ರದಲ್ಲಿ. ಫೆಬ್ರವರಿ 2 ಕ್ರಿಸ್‌ಮಸ್ಸಿನ ನಲವತ್ತನೆಯ ದಿನ. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ, ಅಂದು ಚರ್ಚಿನಲ್ಲಿ ಮೊಂಬತ್ತಿಗಳಿಗೆ ಆಶೀರ್ವಾದ. ಆ ದಿನ ಬಿಸಿಲು ಬಿದ್ದರೆ ಚಳಿ ಇನ್ನೂ ಮುಂದುವರಿಯುತ್ತದೆಂದು ಯುರೋಪಿನ ರೈತರು ನಂಬುತ್ತಿದ್ದರು. ಜರ್ಮನ್ನರು ಬಿಲದ ಬ್ಯಾಡ್ಜರ್ ತನ್ನ ನೆರಳು ನೋಡಿತೇ ಎಂದು ಕಾಯುತ್ತಿದ್ದರು. ಪೆನ್ಸಿಲ್ವೇನಿಯಾದಲ್ಲಿ ಅದರ ಜಾಗಕ್ಕೆ ಗ್ರೌಂಡ್‌ಹಾಗ್ ಎಂಬ, ಅಳಿಲಿನ ಕುಲದ ದಪ್ಪ ಪ್ರಾಣಿ ಬಂತು. ಪಂಕ್ಸಟಾನಿ ಪಟ್ಟಣದಲ್ಲಿ 1887ರಿಂದ ಇದು ವಾರ್ಷಿಕ ಜಾತ್ರೆ.

ಚಿತ್ರದ ನಾಯಕ ಫಿಲ್ ಟಿವಿಯಲ್ಲಿ ಹವಾಮಾನ ಹೇಳುವ ಸಿಡುಕ. ಬೆಳಗ್ಗೆ ಆರಕ್ಕೆ ಅಲಾರಾಂ ರೇಡಿಯೊ ಹಾಡುತ್ತದೆ. ಪ್ರತಿದಿನವೂ ಅದೇ ಫೆಬ್ರವರಿ 2. ಅವನು ಕದಿಯುತ್ತಾನೆ, ಹೆಂಗಸರನ್ನು ಮರುಳು ಮಾಡುತ್ತಾನೆ, ಬೇಸತ್ತು ಮತ್ತೆಮತ್ತೆ ಸಾಯುತ್ತಾನೆ. ಸತ್ತರೂ ಆರಕ್ಕೆ ಎಚ್ಚರ. ತಾನೇ ದೇವರೆಂದು ಹೇಳಿಕೊಂಡಾಗ ಸಹೋದ್ಯೋಗಿ ರೀಟಾ ಕ್ಯಾಥೊಲಿಕ್ ಶಾಲೆಯಲ್ಲಿ ಹನ್ನೆರಡು ವರ್ಷ ಕಲಿತ ಅಧಿಕಾರದಿಂದ ಅದನ್ನು ಅಲ್ಲಗಳೆಯುತ್ತಾಳೆ. ಆಮೇಲೆ ಪಿಯಾನೊ ಕಲಿಯುತ್ತಾನೆ, ಮರದಿಂದ ಬೀಳುವ ಹುಡುಗನನ್ನು ದಿನವೂ ಹಿಡಿದುಕೊಳ್ಳುತ್ತಾನೆ. ಬೀದಿಯ ಮುದಿ ಭಿಕ್ಷುಕನೊಬ್ಬನನ್ನು ಮಾತ್ರ ಉಳಿಸಲಾಗುವುದಿಲ್ಲ. ಊಟ ಹಾಕಿದರೂ, ಆಸ್ಪತ್ರೆಗೆ ಒಯ್ದರೂ, ಎದೆ ಒತ್ತಿದರೂ ಆ ರಾತ್ರಿ ಅವನು ಸಾಯುತ್ತಾನೆ. ಅರಮನೆಯಿಂದ ಹೊರಬಂದ ರಾಜಕುಮಾರ ಕಂಡದ್ದನ್ನೇ ಫಿಲ್ ಹಿಮದ ಗಲ್ಲಿಯಲ್ಲಿ ಕಾಣುತ್ತಾನೆ. ಬುದ್ಧನ ಹೆಸರು ಎತ್ತದ ಈ ಚಿತ್ರದಲ್ಲಿ ಬೌದ್ಧರು ಸಂಸಾರಚಕ್ರವನ್ನೂ ಕ್ಯಾಥೊಲಿಕರು ಶುದ್ಧೀಕರಣವನ್ನೂ ಕಂಡರು. 2003ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಿನೆಮಾ ಮತ್ತು ಶ್ರದ್ಧೆ ಕುರಿತ ಪ್ರದರ್ಶನ ಸರಣಿಯಲ್ಲಿ ಇದನ್ನೂ ಸೇರಿಸಿತು. ‘ಲಿಟಲ್ ಬುದ್ಧ’ ಬಂದ ವರ್ಷವೇ ಬಂದ ಈ ಚಿತ್ರ, ಚಿನ್ನದ ಬಣ್ಣ ಬಳಿದುಕೊಂಡ ಅದಕ್ಕಿಂತ ಹೆಚ್ಚು ಬೌದ್ಧ ಎನ್ನಬೇಕು.

‘ದಿ ಸಿಂಪ್ಸನ್ಸ್’ ಕಾರ್ಟೂನು ಧಾರಾವಾಹಿ ಇದೇ ವಿಷಯವನ್ನು ನೇರವಾಗಿ ಎತ್ತಿಕೊಂಡಿತು. 2001ರ ಡಿಸೆಂಬರಿನಲ್ಲಿ ಪ್ರಸಾರವಾದ ಕಂತಿನಲ್ಲಿ ಚರ್ಚಿನೊಳಗೆ ಜಾಹೀರಾತು ತುಂಬಿದ್ದಕ್ಕೆ ರೋಸಿ ಪುಟ್ಟ ಲೀಸಾ ಬೌದ್ಧಳಾಗುತ್ತಾಳೆ. ಮನೆಯವರು ಕ್ರಿಸ್‌ಮಸ್ ಉಡುಗೊರೆಯ ಆಸೆ ಒಡ್ಡುತ್ತಾರೆ. ಬೌದ್ಧರೂ ಕ್ರಿಸ್‌ಮಸ್ ಆಚರಿಸಬಹುದೆಂದು ಅವಳಿಗೆ ಹೇಳುವುದು ನಟ ರಿಚರ್ಡ್ ಗೇರ್, ತನ್ನದೇ ದನಿಯಲ್ಲಿ. ತಮಾಷೆಯ ಒಳಗೆ ವಸ್ತುಸ್ಥಿತಿಯೇ ಇದೆ: ಲೀಸಾಗೆ ಹೊಸ ಧರ್ಮ ಸಿಕ್ಕಿತು, ಹೊಸ ಹಬ್ಬ ಸಿಗಲಿಲ್ಲ.

ಏಷ್ಯಾದಲ್ಲಿ ಲೆಕ್ಕ ಬೇರೆ. ಅಲ್ಲಿ ಬುದ್ಧನಿಗೆ ಮನೆಯೂ ಹಬ್ಬವೂ ಇದ್ದವು. ಕ್ರೈಸ್ತರು ಶೇಕಡಾ ಒಂದರಷ್ಟಿರುವ ಜಪಾನಿನಲ್ಲಿ ಕ್ರಿಸ್‌ಮಸ್ ಎಂದರೆ ಸ್ಟ್ರಾಬೆರಿ ಕೇಕು, ಪ್ರೇಮಿಗಳ ಸಂಜೆ, 1974ರ ಜಾಹೀರಾತಿನಿಂದ ರೂಢಿಯಾದ ಕೆಎಫ್‌ಸಿ ಕೋಳಿ. ಅದಾಗಿ ಒಂದು ವಾರಕ್ಕೆ, ಡಿಸೆಂಬರ್ 31ರ ರಾತ್ರಿ, ಅದೇ ಮನೆಯವರು ಬೌದ್ಧ ದೇಗುಲದ ಗಂಟೆಯ 108 ಬಡಿತಗಳನ್ನು ಕೇಳುತ್ತಾರೆ. ಇದೇ ದೇಶದಲ್ಲಿ 17ನೆಯ ಶತಮಾನದಲ್ಲಿ ಕ್ರೈಸ್ತಧರ್ಮ ನಿಷೇಧವಾದಾಗ ಗುಪ್ತ ಕ್ಯಾಥೊಲಿಕರು ಕರುಣೆಯ ಬೋಧಿಸತ್ವ ಕನ್ನೊನ್‌ಳ ಮೂರ್ತಿಯಲ್ಲಿ ಮರಿಯಮ್ಮನನ್ನು ಪೂಜಿಸಿದರು. ಆ ಕಾಲದ ಕಥೆಯಾದ ಶೂಸಾಕು ಎಂಡೊ ಅವರ ‘ಸೈಲೆನ್ಸ್’ (1966) ಕಾದಂಬರಿಯನ್ನು 2016ರಲ್ಲಿ ಸಿನೆಮಾ ಮಾಡಿದ್ದು ಮಾರ್ಟಿನ್ ಸ್ಕಾರ್ಸೆಸೆ. ಹುಡುಗನಾಗಿದ್ದಾಗ ಪಾದ್ರಿಯಾಗಲು ಹೊರಟಿದ್ದ ಅವನೇ 1997ರಲ್ಲಿ ದಲೈ ಲಾಮಾ ಕುರಿತ ‘ಕುಂದುನ್’ ನಿರ್ದೇಶಿಸಿದವನು.

ಗುಪ್ತ ಕ್ರೈಸ್ತರ ಭಯ ಕಳೆದುಹೋದ ಜಪಾನಿನಲ್ಲಿ ಹಿಕಾರು ನಕಾಮುರಾ 2006ರಿಂದ ಬರೆಯುತ್ತಿರುವ ‘ಸೇಂಟ್ ಯಂಗ್ ಮೆನ್’ ಎಂಬ ಮಾಂಗಾ ಚಿತ್ರಕಥೆಯಲ್ಲಿ ಯೇಸುವೂ ಬುದ್ಧನೂ ರಜೆ ಹಾಕಿ ಟೋಕಿಯೊದ ತಾಚಿಕಾವಾದಲ್ಲಿ ಒಂದೇ ಬಾಡಿಗೆ ಕೋಣೆ ಹಿಡಿದಿದ್ದಾರೆ. ಬುದ್ಧ ಕಾಸು ಕಾಸಿಗೂ ಲೆಕ್ಕ ಇಡುವವನು, ಯೇಸು ಕಂಡದ್ದನ್ನೆಲ್ಲ ಕೊಳ್ಳುವವನು. ಬುದ್ಧನ ಹಣೆಯ ಚುಕ್ಕೆಯನ್ನು ಗುಂಡಿಯೆಂದು ಒತ್ತಲು ಮಕ್ಕಳು ಬೆನ್ನು ಹತ್ತುತ್ತಾರೆ. ಒಸಾಮು ತೆಜುಕಾ 1972ರಿಂದ 1983ರವರೆಗೆ ಬರೆದ ‘ಬುದ್ಧ’ ಮಹಾಕಥೆಯ ಗಾಂಭೀರ್ಯ ಇಲ್ಲಿಲ್ಲ. ಆದರೆ 2009ರಲ್ಲಿ ಈ ನಗೆಕಥೆಗೆ ಸಂದ ಬಹುಮಾನ ತೆಜುಕಾ ಹೆಸರಿನದೇ.

ಶ್ರೀಲಂಕಾದಲ್ಲಿ ಬೌದ್ಧರೇ ಹಬ್ಬದ ಅಚ್ಚನ್ನು ಕ್ರೈಸ್ತರಿಂದ ಪಡೆದರು. ಅಮೆರಿಕನ್ ಕರ್ನಲ್ ಹೆನ್ರಿ ಆಲ್ಕಾಟ್ ಮತ್ತು ಸ್ಥಳೀಯ ಮುಖಂಡರ ಪ್ರಯತ್ನದಿಂದ 1885ರಲ್ಲಿ ವೈಶಾಖದ ಹುಣ್ಣಿಮೆಯ ಹಬ್ಬವಾದ ವೆಸಾಕ್‌ಗೆ ಸರ್ಕಾರಿ ರಜೆ ಸಿಕ್ಕಿತು, ಬೌದ್ಧ ಧ್ವಜ ಹಾರಿತು. ಆಮೇಲೆ ಕ್ರಿಸ್‌ಮಸ್ ಕಾರ್ಡಿನ ಮಾದರಿಯ ವೆಸಾಕ್ ಕಾರ್ಡು, ಕ್ಯಾರಲ್ ಮಾದರಿಯಲ್ಲಿ ಬಿಳಿಯುಟ್ಟ ಹುಡುಗಿಯರ ಭಕ್ತಿಗೀತೆ ಬಂದವು. ಬೀದಿಬೀದಿಯ ಉಚಿತ ಊಟದ ದನ್ಸಲ್ ಮಾತ್ರ ಅಪ್ಪಟ ಅಲ್ಲಿಯದು.

ಬುದ್ಧನ ಮುಖ ಪಶ್ಚಿಮದಲ್ಲಿ ಅಲಂಕಾರವಾದಷ್ಟೂ ಏಷ್ಯಾದಲ್ಲಿ ಸಿಟ್ಟು ಹೆಚ್ಚಿತು. 2014ರಲ್ಲಿ ತೋಳ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಶ್ರೀಲಂಕಾ ವಾಪಸು ಕಳಿಸಿತು. 2015ರಲ್ಲಿ ಮ್ಯಾನ್ಮಾರ್ ನ್ಯಾಯಾಲಯ ಹೆಡ್‌ಫೋನ್ ತೊಟ್ಟ ಬುದ್ಧನ ಚಿತ್ರವನ್ನು ಬಾರಿನ ಪ್ರಚಾರಕ್ಕೆ ಬಳಸಿದ ಮೂವರನ್ನು ಜೈಲಿಗೆ ಹಾಕಿತು. ಸಾಂಟಾ ಬಿಯರು ಮಾರಿದ್ದಕ್ಕೆ ಯಾರೂ ಜೈಲಿಗೆ ಹೋದದ್ದಿಲ್ಲ; ಆ ಮುಖದಲ್ಲಿ ಮೈರಾದ ಬಿಷಪ್ಪರನ್ನು ಗುರುತಿಸುವವರು ಉಳಿದಿಲ್ಲವಲ್ಲ.

ಕ್ರಿಸ್‌ಮಸ್‌ಗೂ ಬುದ್ಧ ಹುಟ್ಟಿದ ದಿನಕ್ಕೂ ಸರ್ಕಾರಿ ರಜೆ ಇರುವ ದಕ್ಷಿಣ ಕೊರಿಯಾದಲ್ಲಿ ಹೆಡ್‌ಫೋನಿಗೆ ಬೇರೆಯದೇ ಗತಿ ಸಿಕ್ಕಿತು. 2024ರ ಮೇ ತಿಂಗಳ ದೀಪೋತ್ಸವದಲ್ಲಿ ‘ನ್ಯೂಜೀನ್ಸ್‌ನಿಮ್’ ಎಂಬ ಹೆಸರಿನ ಹಾಸ್ಯನಟ ಯೂನ್ ಸುಂಗ್-ಹೋ ತಲೆ ಬೋಳಿಸಿ, ಭಿಕ್ಷುವಿನ ಉಡುಪು ತೊಟ್ಟು, ಬೌದ್ಧ ಉಪದೇಶವನ್ನೇ ಡಿಜೆ ತಾಳಕ್ಕೆ ಹೊಂದಿಸಿ ಸಿಯೋಲಿನ ಯುವಕರನ್ನು ಕುಣಿಸಿದ. ದೇಶದ ಅತಿದೊಡ್ಡ ಬೌದ್ಧ ಪಂಥವಾದ ಜೋಗ್ಯೆಯ ಮುಖ್ಯಸ್ಥರು ಅವನನ್ನು ಕರೆಸಿ ಬೆನ್ನು ತಟ್ಟಿದರು. ಅದೇ ತಿಂಗಳು ಕ್ವಾಲಾಲಂಪುರದಲ್ಲಿ ಅದೇ ಉಡುಪು ತೊಟ್ಟು ಕುಣಿಸಿದ್ದಕ್ಕೆ ಮಲೇಷ್ಯಾದ ಬೌದ್ಧರು ಪ್ರತಿಭಟಿಸಿದರು; ಅಲ್ಲಿನ ಎರಡನೆಯ ಕಾರ್ಯಕ್ರಮ ರದ್ದಾಯಿತು.