ಟೊಯೋಟಾ ಪಿಕಪ್‌ನ ಸಾಲಿಡ್ ಆಕ್ಸಲ್ ಪರಿವರ್ತನೆ

ಸಾಲಿಡ್ ಆಕ್ಸಲ್ ಪರಿವರ್ತನೆ ಎಂಬುದು ನಾಲ್ಕು ಚಕ್ರ ಚಾಲನೆಯ ವಾಹನದ ಮುಂಭಾಗದಲ್ಲಿ ಕಾರ್ಖಾನೆಯಿಂದಲೇ ಬಂದ ಸ್ವತಂತ್ರ ಸಸ್ಪೆನ್ಷನ್ ವ್ಯವಸ್ಥೆಯನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ಎರಡೂ ಚಕ್ರಗಳನ್ನು ಒಂದೇ ಉಕ್ಕಿನ ಕವಚದಿಂದ ಜೋಡಿಸುವ ಆಕ್ಸಲ್ ಅನ್ನು, ಅಂದರೆ ಇರುಸನ್ನು, ಅಳವಡಿಸುವ ಮಾರ್ಪಾಡಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಆಫ್-ರೋಡ್ ಹವ್ಯಾಸಿಗಳಲ್ಲಿ ಇದು ಎಸ್‌ಎಎಸ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿದೆ. ಹಲವು ಕಂಪನಿಗಳ ವಾಹನಗಳಲ್ಲಿ ಇದನ್ನು ಮಾಡಲಾಗುತ್ತದೆಯಾದರೂ, 1986ರಿಂದ 1995ರವರೆಗಿನ ಮಾದರಿಯ ಟೊಯೋಟಾ ಪಿಕಪ್ ಮತ್ತು ಅದನ್ನು ಆಧರಿಸಿದ 4ರನ್ನರ್ ವಾಹನಗಳು ಈ ಮಾರ್ಪಾಡಿನ ಅತ್ಯಂತ ಪರಿಚಿತ ಉದಾಹರಣೆಗಳಾಗಿವೆ. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂದು ಮಾರಾಟವಾಗುತ್ತಿದ್ದ ವಾಹನವೇ ಅಮೆರಿಕದಲ್ಲಿ ಕೇವಲ 'ಟೊಯೋಟಾ ಪಿಕಪ್' ಎನಿಸಿಕೊಂಡಿತ್ತು.

ಹಿನ್ನೆಲೆ

ಟೊಯೋಟಾ 1979ರ ಮಾದರಿ ವರ್ಷದಲ್ಲಿ ನಾಲ್ಕು ಚಕ್ರ ಚಾಲನೆಯ ಪಿಕಪ್ ಅನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಅದರ ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್‌ಗಳಿದ್ದವು. ಎರಡೂ ಲೀಫ್ ಸ್ಪ್ರಿಂಗ್‌ಗಳ, ಅಂದರೆ ಲಾರಿಗಳಲ್ಲಿ ಕಾಣುವ ಪಟ್ಟಿಗಳ, ಮೇಲೆ ನಿಂತಿದ್ದವು. ಸವಾರಿ ಒರಟಾಗಿದ್ದರೂ ರಚನೆ ಸರಳವೂ ಗಟ್ಟಿಯೂ ಆಗಿತ್ತು. 1986ರ ಮಾದರಿಯಿಂದ ಮುಂಭಾಗಕ್ಕೆ ಟಾರ್ಶನ್ ಬಾರ್ ಆಧಾರಿತ ಸ್ವತಂತ್ರ ಸಸ್ಪೆನ್ಷನ್ ಬಂದಿತು. ಡಾಂಬರು ರಸ್ತೆಯಲ್ಲಿ ವೇಗವಾಗಿ ಸಾಗುವವರಿಗೆ ಇದರಿಂದ ನಿಜವಾದ ಲಾಭವಾಯಿತು. ಆಸ್ಟ್ರೇಲಿಯಾದಂತಹ ಕೆಲವು ಮಾರುಕಟ್ಟೆಗಳಲ್ಲಿ ಮಾತ್ರ ಸಾಲಿಡ್ ಆಕ್ಸಲ್ ಉಳ್ಳ ಹೈಲಕ್ಸ್ 1990ರ ದಶಕದಲ್ಲಿಯೂ ದೊರೆಯುತ್ತಿತ್ತು.

ಹೀಗಾಗಿ 1985ರ ಮಾದರಿ ಒಂದು ಗಡಿರೇಖೆಯಾಯಿತು. ಇಂಧನ ಇಂಜೆಕ್ಷನ್ ಹೊಂದಿದ 22ಆರ್‌ಇ ಎಂಜಿನ್ ಮತ್ತು ಮುಂಭಾಗದ ಸಾಲಿಡ್ ಆಕ್ಸಲ್ ಒಂದೇ ವಾಹನದಲ್ಲಿ ದೊರೆತದ್ದು ಆ ಅಲ್ಪ ಅವಧಿಯಲ್ಲಿ. 'ಬ್ಯಾಕ್ ಟು ದಿ ಫ್ಯೂಚರ್' ಚಲನಚಿತ್ರದಲ್ಲಿ ನಾಯಕನು ಆಸೆಪಡುವ ಕಪ್ಪು ಪಿಕಪ್ ಕೂಡ 1985ರ ಮಾದರಿಯದೇ. ಅಂತಹ ವಾಹನ ಸಿಗದವರು ಅಥವಾ ಅದರ ಬೆಲೆ ಕೈಗೆಟುಕದವರು ನಂತರದ ಪಿಕಪ್ ಕೊಂಡು ಅದರ ಮುಂಭಾಗವನ್ನು ಬದಲಾಯಿಸುವ ದಾರಿ ಹಿಡಿದರು.

ಎರಡು ವ್ಯವಸ್ಥೆಗಳ ವ್ಯತ್ಯಾಸ

ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೆ ಬಿಗಿಯಲ್ಪಟ್ಟಿರುತ್ತದೆ. ಪ್ರತಿ ಚಕ್ರವೂ ತನ್ನದೇ ಆರ್ಮ್‌ಗಳ ಮೇಲೆ ಮೇಲೆ ಕೆಳಗೆ ಚಲಿಸುತ್ತದೆ. ಒಂದು ಚಕ್ರ ಬಂಡೆ ಏರಿದರೆ ಇನ್ನೊಂದಕ್ಕೆ ಅದರ ಅರಿವೇ ಇರುವುದಿಲ್ಲ. ಸಾಲಿಡ್ ಆಕ್ಸಲ್‌ನಲ್ಲಿ ಒಂದು ಚಕ್ರ ಮೇಲೇರಿದಾಗ ಆಕ್ಸಲ್ ತಕ್ಕಡಿಯ ದಂಡದಂತೆ ವಾಲಿ ಎದುರು ಬದಿಯ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಕ್ಯಾಲಿಫೋರ್ನಿಯಾದ ರುಬಿಕಾನ್ ಟ್ರೇಲ್‌ನಂತಹ ಬಂಡೆಗಳ ಹಾದಿಯಲ್ಲಿ, ಅಥವಾ ಯೂಟಾ ರಾಜ್ಯದ ಮೋಆಬ್‌ನ ಕಲ್ಲುಹಾಸುಗಳ ಮೇಲೆ ನಡಿಗೆಯ ವೇಗದಲ್ಲಿ ಸಾಗುವಾಗ ಚಕ್ರ ನೆಲ ಬಿಡದಿರುವುದೇ ಮುಖ್ಯ.

ನೆಲದಿಂದ ಇರುವ ಅಂತರದ ವಿಷಯವೂ ಇದೆ. ಸ್ವತಂತ್ರ ವ್ಯವಸ್ಥೆಯ ವಾಹನ ಗುಂಡಿಗೆ ಬಿದ್ದು ಸ್ಪ್ರಿಂಗ್ ಕುಗ್ಗಿದಾಗ ಚಾಸಿಯೊಂದಿಗೆ ಡಿಫರೆನ್ಷಿಯಲ್ ಕೂಡ ನೆಲದತ್ತ ಇಳಿಯುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಅದು ಯಾವಾಗಲೂ ಟೈರಿನ ಗಾತ್ರ ನಿರ್ಧರಿಸಿದ ಎತ್ತರದಲ್ಲಿಯೇ ಇರುತ್ತದೆ. ಚಾಲಕನಿಗೆ ತನ್ನ ಕೆಳಗಿನ ಅತ್ಯಂತ ತಗ್ಗಾದ ಭಾಗ ಎಲ್ಲಿದೆ ಎಂಬುದು ತಿಳಿದಿರುತ್ತದೆ.

ವಾಹನವನ್ನು ಎತ್ತರಿಸುವಾಗ ಸ್ವತಂತ್ರ ವ್ಯವಸ್ಥೆಯ ಮಿತಿ ಬೇಗ ಗೋಚರಿಸುತ್ತದೆ. ಟಾರ್ಶನ್ ಬಾರ್ ತಿರುವಿ ಎತ್ತರಿಸಿದರೆ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್‌ಗಳು ಕಡಿದಾದ ಕೋನದಲ್ಲಿ ತಿರುಗಬೇಕಾಗುತ್ತದೆ. ಅವುಗಳ ಸಿವಿ ಜಾಯಿಂಟ್‌ಗಳ ರಬ್ಬರ್ ಕವಚ ಹರಿದು ಧೂಳು, ನೀರು ಒಳಸೇರುತ್ತವೆ. ದೊಡ್ಡ ಟೈರ್‌ಗಳ ಹೊಡೆತಕ್ಕೆ ಸ್ಟೀರಿಂಗ್‌ನ ಐಡ್ಲರ್ ಆರ್ಮ್ ಮತ್ತು ಟೈ ರಾಡ್‌ಗಳು ಬೇಗ ಸವೆಯುತ್ತವೆ. ಮುಂಭಾಗದ ಡಿಫರೆನ್ಷಿಯಲ್‌ನ ರಿಂಗ್ ಗೇರ್ 7.5 ಅಂಗುಲದ್ದಾಗಿದ್ದು ಹಿಂಭಾಗದ 8 ಅಂಗುಲದ್ದಕ್ಕಿಂತ ಚಿಕ್ಕದು.

ಆಕ್ಸಲ್ ಆಯ್ಕೆ

ಸಾಮಾನ್ಯವಾಗಿ ಬಳಸಲಾಗುವುದು 1979–85ರ ಟೊಯೋಟಾ ಪಿಕಪ್‌ನ ಮುಂಭಾಗದ ಆಕ್ಸಲ್. ಅದರ ಡಿಫರೆನ್ಷಿಯಲ್ ಬಲಬದಿಯಲ್ಲಿದ್ದು ಪಿಕಪ್‌ನ ಟ್ರಾನ್ಸ್‌ಫರ್ ಕೇಸ್‌ಗೆ ಹೊಂದಿಕೊಳ್ಳುತ್ತದೆ. ಆರು ಬೋಲ್ಟ್‌ಗಳ ಚಕ್ರಗಳೂ ಅದಲುಬದಲಾಗುತ್ತವೆ. ಹಿಂಭಾಗದಂತೆಯೇ 8 ಅಂಗುಲದ ರಿಂಗ್ ಗೇರ್ ಇರುವುದರಿಂದ ಗೇರ್‌ಗಳೂ ಲಾಕರ್‌ಗಳೂ ಸುಲಭವಾಗಿ ದೊರೆಯುತ್ತವೆ. 80 ಸರಣಿಯ ಲ್ಯಾಂಡ್ ಕ್ರೂಸರ್‌ನ ಹೈ ಪಿನಿಯನ್ ಡಿಫರೆನ್ಷಿಯಲ್ ಅನ್ನು ಇದೇ ಕವಚದಲ್ಲಿ ಕೂರಿಸುವುದೂ ಉಂಟು. ಇದರಿಂದ ಪ್ರೊಪೆಲ್ಲರ್ ಶಾಫ್ಟ್ ಬಂಡೆಗಳಿಂದ ಮೇಲಕ್ಕೆ ಉಳಿಯುತ್ತದೆ.

ಹಳೆಯ ಆಕ್ಸಲ್‌ನ ಒಂದು ಕೊರತೆಯೆಂದರೆ ಅದರ ಅಗಲ. 1986ರ ನಂತರದ ಪಿಕಪ್‌ಗಳ ಹಿಂಭಾಗದ ಆಕ್ಸಲ್‌ಗಿಂತ ಅದು ಸುಮಾರು 3 ಅಂಗುಲ ಕಿರಿದು. ಹೊಂದಿಸಲು ಸ್ವತಂತ್ರ ವ್ಯವಸ್ಥೆಯ ಹಬ್‌ಗಳನ್ನೋ ವೀಲ್ ಸ್ಪೇಸರ್‌ಗಳನ್ನೋ ಬಳಸುತ್ತಾರೆ. ತೀರ ದೊಡ್ಡ ಟೈರ್ ಹಾಕುವವರು ಒಂದು ಟನ್ ವರ್ಗದ ಅಮೆರಿಕನ್ ಟ್ರಕ್‌ಗಳ ಡಾನಾ 60 ಆಕ್ಸಲ್ ಆರಿಸುತ್ತಾರೆ. ಅದು ಬಹಳ ಗಟ್ಟಿಯಾಗಿದ್ದರೂ ಅಷ್ಟೇ ಭಾರ. ಎಂಟು ಬೋಲ್ಟ್‌ಗಳ ಚಕ್ರ ಬೇಕಾಗುವುದರಿಂದ ಹಿಂಭಾಗವನ್ನೂ ಬದಲಾಯಿಸಬೇಕಾಗುತ್ತದೆ. ನಾಲ್ಕು ಸಿಲಿಂಡರಿನ ಪಿಕಪ್‌ಗೆ ಇದು ಅತಿಯೆಂದೇ ಹೇಳಬೇಕು. ಯಾವ ಆಕ್ಸಲ್ ಆದರೂ ಮುಂದಿನ ಮತ್ತು ಹಿಂದಿನ ಗೇರ್ ಅನುಪಾತ ಒಂದೇ ಆಗಿರಬೇಕು. ಒಂದರಲ್ಲಿ 4.10, ಇನ್ನೊಂದರಲ್ಲಿ 4.88 ಇದ್ದರೆ ಗಟ್ಟಿ ನೆಲದ ಮೇಲೆ ನಾಲ್ಕು ಚಕ್ರ ಚಾಲನೆ ತೊಡಗಿಸಿದೊಡನೆ ಎರಡೂ ಒಂದಕ್ಕೊಂದು ಸೆಣಸಿ ಯಾವುದಾದರೊಂದು ಭಾಗ ಮುರಿಯುತ್ತದೆ.

ಕತ್ತರಿಸುವಿಕೆ ಮತ್ತು ಬೆಸುಗೆ

ಟಾರ್ಶನ್ ಬಾರ್, ಆರ್ಮ್‌ಗಳು, ಶಾಫ್ಟ್‌ಗಳು ಮತ್ತು ಡಿಫರೆನ್ಷಿಯಲ್ ಬೋಲ್ಟ್ ಬಿಚ್ಚಿದರೆ ಹೊರಬರುತ್ತವೆ. ಅವುಗಳನ್ನು ಹೊತ್ತ ಬ್ರಾಕೆಟ್‌ಗಳು ಚಾಸಿಗೆ ಬೆಸೆದಿರುವುದರಿಂದ ಗ್ರೈಂಡರ್, ಗ್ಯಾಸ್ ಕಟರ್ ಅಥವಾ ಪ್ಲಾಸ್ಮಾ ಕಟರ್‌ನಿಂದ ಕತ್ತರಿಸಬೇಕು. ಇಲ್ಲಿಂದ ಮುಂದೆ ಹಿಂದಿರುಗುವ ದಾರಿ ಇರುವುದಿಲ್ಲ. ಕತ್ತರಿಸುವ ಭರದಲ್ಲಿ ಚಾಸಿಯ ಗೋಡೆಯನ್ನೇ ಕೊರೆದುಬಿಡುವುದು ಸಾಮಾನ್ಯ ತಪ್ಪು.

ನಯಗೊಳಿಸಿದ ಚಾಸಿಯ ಮುಂತುದಿಗೆ ಸ್ಪ್ರಿಂಗ್ ಹ್ಯಾಂಗರ್ ಬೆಸೆದು, ಹಿಂದೆ ಚಾಸಿಗೆ ರಂಧ್ರ ಕೊರೆದು ಶ್ಯಾಕಲ್‌ಗಾಗಿ ಕೊಳವೆ ತೂರಿಸಿ ಎರಡೂ ಬದಿಯಲ್ಲಿ ಬೆಸೆಯುತ್ತಾರೆ. ಶಾಕ್ ಅಬ್ಸಾರ್ಬರ್‌ಗಳಿಗೆ ಕಮಾನಿನಾಕಾರದ ಹೊಸ ಆಧಾರ ಬೇಕು. ಆಕ್ಸಲ್ ಪೂರ್ತಿ ಮೇಲೇರಿದಾಗ ಡಿಫರೆನ್ಷಿಯಲ್ ಎಂಜಿನ್‌ನ ಆಯಿಲ್ ಪ್ಯಾನ್‌ಗೆ ಬಡಿಯದಂತೆ ಬಂಪ್ ಸ್ಟಾಪ್‌ಗಳ ಎತ್ತರವನ್ನು ಮೊದಲೇ ಅಳೆದುಕೊಳ್ಳಬೇಕಾಗುತ್ತದೆ. ಲೀಫ್ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಮತ್ತು ಲಿಂಕ್‌ಗಳನ್ನು ಬಳಸುವ ಕ್ರಮವೂ ಇದೆ. ಅದರಲ್ಲಿ ಚಲನೆ ಹೆಚ್ಚು, ಲೆಕ್ಕಾಚಾರವೂ ಹೆಚ್ಚು.

ಕೋನಗಳು ಮತ್ತು ಸ್ಟೀರಿಂಗ್

ಆಕ್ಸಲ್ ವಾಹನದ ಕೆಳಗೆ ಕುಳಿತ ಮಾತ್ರಕ್ಕೆ ಪರಿವರ್ತನೆ ಮುಗಿಯುವುದಿಲ್ಲ. ಪರಿವರ್ತಿತ ವಾಹನ ಹೆದ್ದಾರಿಯಲ್ಲಿ ಓಡಿಸಲು ಯೋಗ್ಯವೋ ಇಲ್ಲವೋ ಎಂಬುದನ್ನು ಎರಡು ಕೋನಗಳು ಮತ್ತು ಸ್ಟೀರಿಂಗ್ ದಂಡಗಳ ಜೋಡಣೆ ನಿರ್ಧರಿಸುತ್ತವೆ.

ಮೊದಲನೆಯದು ಕ್ಯಾಸ್ಟರ್. ಚಕ್ರ ತಿರುಗುವ ಅಕ್ಷದ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಆಗ ಮಾತ್ರ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ. ಎರಡನೆಯದು ಪಿನಿಯನ್ ಕೋನ: ಎತ್ತರಿಸಿದ ವಾಹನದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಇಳಿಯುವುದರಿಂದ ಪಿನಿಯನ್ ಅದರತ್ತ ಮುಖ ಎತ್ತಿರಬೇಕು. ತೊಡಕು ಇರುವುದು ಇಲ್ಲಿಯೇ. ಇವೆರಡೂ ಒಂದೇ ಕವಚದಲ್ಲಿರುವುದರಿಂದ ಪಿನಿಯನ್ ಮೇಲೆತ್ತಲು ಆಕ್ಸಲ್ ತಿರುಗಿಸಿದಷ್ಟೂ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಎರಡನ್ನೂ ಸರಿಪಡಿಸಲು ಕವಚದ ತುದಿಗಳಲ್ಲಿರುವ ಗೋಳಾಕಾರದ ಭಾಗಗಳನ್ನು ಕತ್ತರಿಸಿ, ತಿರುಗಿಸಿ, ಮತ್ತೆ ಬೆಸೆಯಬೇಕು. ಇದು ನುರಿತವರ ಕೆಲಸ. ಇದನ್ನು ತಪ್ಪಿಸಲು ಕೆಲವರು ಕ್ಯಾಸ್ಟರ್ ಅನ್ನು ಕಾಯ್ದುಕೊಂಡು ಶಾಫ್ಟ್‌ನಲ್ಲಿ ಡಬಲ್ ಕಾರ್ಡನ್ ಜಾಯಿಂಟ್ ಬಳಸುತ್ತಾರೆ.

ಹಳೆಯ ಪಿಕಪ್‌ನಲ್ಲಿ ಸ್ಟೀರಿಂಗ್ ಬಾಕ್ಸ್‌ನ ಪಿಟ್‌ಮನ್ ಆರ್ಮ್ ಹಿಂದೆ ಮುಂದೆ ಚಲಿಸಿ, ಉದ್ದುದ್ದವಾಗಿ ಹೋಗುವ ಡ್ರ್ಯಾಗ್ ಲಿಂಕ್ ಮೂಲಕ ಎಡಗಡೆಯ ನಕಲ್ ಅನ್ನು ತಳ್ಳುತ್ತಿತ್ತು. ಆಕ್ಸಲ್ ಮೇಲೆ ಕೆಳಗೆ ಹೋದಾಗ ಚಾಲಕ ತಿರುಗಿಸದಿದ್ದರೂ ಚಕ್ರ ತುಸು ತಿರುಗುತ್ತಿತ್ತು. ಇದನ್ನು ಬಂಪ್ ಸ್ಟಿಯರ್ ಎನ್ನುತ್ತಾರೆ. 1986ರ ನಂತರದ ಬಾಕ್ಸ್‌ನ ಆರ್ಮ್ ಅಡ್ಡಡ್ಡವಾಗಿ ಚಲಿಸುತ್ತದೆ. ಪರಿವರ್ತನೆಯಲ್ಲಿ ಈ ಬಾಕ್ಸ್ ಅನ್ನೇ ಚಾಸಿಯಲ್ಲಿ ಮುಂದಕ್ಕೆ ಸರಿಸಿ, ನಕಲ್‌ಗಳ ಮೇಲ್ಭಾಗಕ್ಕೆ ಎತ್ತರದ ಸ್ಟೀರಿಂಗ್ ಆರ್ಮ್‌ಗಳನ್ನು ಬಿಗಿದು, ಎಡಗಡೆಯ ಬಾಕ್ಸ್‌ನಿಂದ ಬಲಗಡೆಯ ನಕಲ್‌ಗೆ ಅಡ್ಡಲಾಗಿ ಡ್ರ್ಯಾಗ್ ಲಿಂಕ್ ಜೋಡಿಸುತ್ತಾರೆ. ದಂಡ ಉದ್ದವಾಗಿಯೂ ನೆಲಕ್ಕೆ ಸಾಧ್ಯವಾದಷ್ಟು ಸಮಾಂತರವಾಗಿಯೂ ಇದ್ದರೆ ಬಂಪ್ ಸ್ಟಿಯರ್ ಗಣನೀಯವಾಗಿ ತಗ್ಗುತ್ತದೆ. ದಂಡಗಳು ಲೀಫ್ ಸ್ಪ್ರಿಂಗ್‌ಗಳ ಮೇಲೆ ಹಾಯುವುದರಿಂದ ಬಂಡೆಗೆ ಸಿಕ್ಕಿ ಬಾಗುವ ಭಯವೂ ಇರುವುದಿಲ್ಲ.

ಬಾಕ್ಸ್ ಬಿಗಿಯುವ ಜಾಗದಲ್ಲಿ ಚಾಸಿಗೆ ಒಳಗಿನಿಂದ ಕೊಳವೆಗಳನ್ನೂ ಹೊರಗಿನಿಂದ ಉಕ್ಕಿನ ತಟ್ಟೆಯನ್ನೂ ಬೆಸೆದು ಬಲಪಡಿಸಬೇಕು. ಇಲ್ಲವಾದಲ್ಲಿ ದೊಡ್ಡ ಟೈರ್‌ಗಳ ಒತ್ತಡಕ್ಕೆ ಚಾಸಿ ಬಿರುಕುಬಿಡುತ್ತದೆ. ಈ ಬೆಸುಗೆ ಕಳಚಿದರೆ ಚಾಲಕನ ಕೈಯಲ್ಲಿ ಸ್ಟೀರಿಂಗ್ ಚಕ್ರ ಉಳಿಯುತ್ತದೆ, ವಾಹನದ ದಿಕ್ಕು ಉಳಿಯುವುದಿಲ್ಲ.

ಬ್ರೇಕ್

ಹೊಸ ಆಕ್ಸಲ್ ಹೆಚ್ಚು ಕೆಳಕ್ಕೆ ಇಳಿಯುವುದರಿಂದ ಉದ್ದನೆಯ ಬ್ರೇಕ್ ಹೋಸ್‌ಗಳು ಅಗತ್ಯ. ಆಕ್ಸಲ್ ಒಂದು ಬದಿಗೆ ಪೂರ್ತಿ ವಾಲಿದಾಗಲೂ, ಚಕ್ರ ಪೂರ್ತಿ ತಿರುಗಿದಾಗಲೂ ಅವು ಬಿಗಿಯಾಗಬಾರದು.

ಸಾಮಾನ್ಯ ತೊಂದರೆಗಳು

ಟೊಯೋಟಾದ ಹಳೆಯ ಆಕ್ಸಲ್‌ನ ದುರ್ಬಲ ಬಿಂದು ಬರ್ಫೀಲ್ಡ್ ಎಂದು ಕರೆಯಲಾಗುವ ಜಾಯಿಂಟ್. ಚಕ್ರ ಪೂರ್ತಿ ತಿರುಗಿರುವಾಗ ಬಲವಾಗಿ ವೇಗ ಕೊಟ್ಟರೆ ಅದು ಒಡೆಯುತ್ತದೆ. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಬದಲಿ ಭಾಗಗಳು ಬಂದ ಮೇಲೆ ಈ ತೊಂದರೆ ಕಡಿಮೆಯಾಗಿದೆ. ಒಳಗಿನ ಸೀಲ್ ಸವೆದರೆ ಡಿಫರೆನ್ಷಿಯಲ್ ಎಣ್ಣೆ ನಕಲ್‌ಗೆ ಹರಿದು ಗ್ರೀಸನ್ನು ತೆಳುವಾಗಿಸುತ್ತದೆ. ಸ್ಟೀರಿಂಗ್ ಆರ್ಮ್ ಹಿಡಿದಿಡುವ ಸ್ಟಡ್‌ಗಳು ಸಡಿಲಗೊಂಡು ತುಂಡಾಗುವುದೂ ಉಂಟಾದ್ದರಿಂದ ಅವುಗಳ ಬಿಗಿತವನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ.

ಸವೆದ ಬೇರಿಂಗ್, ಸಡಿಲ ದಂಡ ಅಥವಾ ತಪ್ಪು ಕ್ಯಾಸ್ಟರ್ ಇದ್ದಾಗ, ರಸ್ತೆಯ ಒಂದು ಸಣ್ಣ ಉಬ್ಬು ಮುಂಚಕ್ರಗಳನ್ನು ನಿಲ್ಲದೆ ಅತ್ತಿತ್ತ ಹೊಯ್ದಾಡಿಸಬಲ್ಲದು. ಹವ್ಯಾಸಿಗಳು ಇದನ್ನು ಡೆತ್ ವಾಬಲ್ ಎಂದು ಕರೆಯುತ್ತಾರೆ. ವೇಗ ತಗ್ಗಿಸದೆ ಇದು ನಿಲ್ಲುವುದು ಕಷ್ಟ. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಲಕ್ಷಣ ಮರೆಯಾಗಬಹುದೇ ಹೊರತು ಕಾರಣ ಹಾಗೆಯೇ ಇರುತ್ತದೆ.

ಸ್ವತಂತ್ರ ಸಸ್ಪೆನ್ಷನ್ ಆಫ್-ರೋಡ್‌ಗೆ ಒಗ್ಗದು ಎಂಬ ಮಾತು ಪೂರ್ಣ ಸತ್ಯವಲ್ಲ. ಮರುಭೂಮಿಯಲ್ಲಿ ಅತಿವೇಗದ ಓಟಕ್ಕೆ ಅದೇ ಮೇಲು. ಆಕ್ಸಲ್‌ನ ಭಾರವೆಲ್ಲ ಚಕ್ರಗಳೊಡನೆ ಕುಣಿಯುವ ಸಾಲಿಡ್ ವ್ಯವಸ್ಥೆ ಅಲ್ಲಿ ಹಿಂದೆ ಬೀಳುತ್ತದೆ. ಸಾಧಾರಣ ಗಾತ್ರದ ಟೈರ್ ಹಾಕಿ ಕಾಡುದಾರಿಯಲ್ಲಿ ತಿರುಗುವವರಿಗೂ ಈ ಪರಿವರ್ತನೆಯ ಅಗತ್ಯ ಕಂಡುಬರುವುದು ವಿರಳ.

ಭಾರತದಲ್ಲಿ

ಭಾರತದಲ್ಲಿ ಹಳೆಯ ಮಹೀಂದ್ರಾ ಜೀಪುಗಳೂ ಮಾರುತಿ ಜಿಪ್ಸಿಯೂ ಮುಂಭಾಗದ ಸಾಲಿಡ್ ಆಕ್ಸಲ್‌ನೊಂದಿಗೇ ಬಂದಿದ್ದವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಇಂತಹ ಜೀಪುಗಳು ದಶಕಗಳ ಕಾಲ ದುಡಿದಿವೆ. ಜಿಪ್ಸಿಯಲ್ಲಿ ಆಕ್ಸಲ್‌ನ ಕೆಳಗಿರುವ ಪಟ್ಟಿಗಳನ್ನು ಮೇಲಕ್ಕೆ ವರ್ಗಾಯಿಸಿ ಎತ್ತರಿಸುವ ಮಾರ್ಪಾಡು ಹೆಚ್ಚು ಪರಿಚಿತ. 2010ರ ಮಹೀಂದ್ರಾ ಥಾರ್ ಮುಂಭಾಗದಲ್ಲಿ ಟಾರ್ಶನ್ ಬಾರ್ ಸಸ್ಪೆನ್ಷನ್ ಹೊಂದಿತ್ತು. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೈಲಕ್ಸ್‌ನ ಮುಂಭಾಗವೂ ಸ್ವತಂತ್ರ ಸಸ್ಪೆನ್ಷನ್‌ನದೇ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಷೇಧವನ್ನು ಎತ್ತಿಹಿಡಿದಿದೆ. ಅಮೆರಿಕದಲ್ಲಿ ವಾಹನದ ಎತ್ತರ ಮತ್ತು ಮಾರ್ಪಾಡುಗಳ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ.