ಸುಣ್ಣ, ಕಾಚು, ತೊಗಲು

ಮದುವೆ ಮನೆಯ ತಾಂಬೂಲದ ತಟ್ಟೆಯನ್ನು ಒಂದು ಸಲ ರಸಾಯನಶಾಸ್ತ್ರದ ಕಣ್ಣಿನಿಂದ ನೋಡಬೇಕು ಗೆಳೆಯರೇ. ವೀಳ್ಯದೆಲೆ, ಅಡಿಕೆ, ಸುಣ್ಣ, ಕಾಚು. ಬೀಗರ ಕೈಗೆ ಕೊಡೋದು ಇದೇ, ಊಟ ಆದಮೇಲೆ ಯಜಮಾನರು ಮೆಲ್ಲೋದೂ ಇದೇ. ಎಲೆಯನ್ನ ಪಕ್ಕಕ್ಕಿಟ್ಟರೆ ಉಳಿಯುವುದು ಏನು? ಸುಣ್ಣ, ಮತ್ತೆ ಒಗರು ತುಂಬಿದ ಎರಡು ಪದಾರ್ಥ. ಊರಾಚೆ ನಮ್ಮ ಕೇರಿಯ ಹಿಂದೆ ಇದ್ದ ತೊಗಲಿನ ಗುಂಡಿಯಲ್ಲೂ ಇದ್ದದ್ದು ಸುಣ್ಣ ಮತ್ತು ಒಗರೇ. ಬಾಯಿಗೆ ಹಾಕಿಕೊಂಡರೆ ಮಂಗಳ, ಗುಂಡಿಗೆ ಹಾಕಿದರೆ ಹೊಲೆ. ವಸ್ತು ಒಂದೇ, ಕ್ರಿಯೆಯೂ ಒಂದೇ.

ಕ್ರಿಯೆಯೂ ಒಂದೇ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಎಳೆ ಬಾಳೆಕಾಯಿ ಕಚ್ಚಿದಾಗ, ನೇರಳೆಹಣ್ಣು ತಿಂದಾಗ ನಾಲಗೆ ಬಿಗಿದುಕೊಳ್ಳುತ್ತಲ್ಲ, ಅದು ಒಗರು. ಆ ಕಾಯಿಯಲ್ಲಿರುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತದೆ. ಹಸಿ ತೊಗಲೂ ಪ್ರೋಟೀನೇ. ಅದರ ನಾರಿಗೆ ಕೊಲಾಜೆನ್ ಅಂತ ಹೆಸರು. ಟ್ಯಾನಿನ್ ಆ ನಾರುಗಳ ನಡುವೆ ಹೊಕ್ಕು ಅವನ್ನ ಒಂದಕ್ಕೊಂದು ಬಿಗಿಯುತ್ತದೆ. ಆಮೇಲೆ ಆ ತೊಗಲು ಕೊಳೆಯೋದಿಲ್ಲ, ನೀರಿನಲ್ಲಿ ನೆಂದು ಲೊಳೆಯಾಗೋದಿಲ್ಲ, ಒಣಗಿದರೆ ಹಪ್ಪಳದ ಹಾಗೆ ಮುರಿಯೋದಿಲ್ಲ. ಹೆಣದ ತೊಗಲು ಕೆರವಿನ ತೊಗಲಾಗೋದು ಇದರಿಂದ.

ರಸಾಯನಶಾಸ್ತ್ರದ ಚರಿತ್ರೆ ಅಂದರೆ ನಮಗೆ ಕಲಿಸಿದ್ದು ಲವಾಸಿಯೆ, ಡಾಲ್ಟನ್, ಮೆಂಡಲೀವ್. ಸ್ವದೇಶಾಭಿಮಾನದ ಮೇಷ್ಟ್ರಾದರೆ ನಾಗಾರ್ಜುನನ ಪಾದರಸವನ್ನೂ ಸೇರಿಸ್ತಾರೆ. ಇರಲಿ, ಒಳ್ಳೆಯದೇ. ಆದರೆ ಕೇರಿಯ ಗುಂಡಿಯಲ್ಲಿ ಏನು ನಡೀತಿತ್ತು ಅಂತ ಯಾವ ಮೇಷ್ಟ್ರೂ ಬೋರ್ಡಿನ ಮೇಲೆ ಬರೆಯಲಿಲ್ಲ. ನಾವೇ ಬರೆಯೋಣ.

ಸತ್ತ ದನವನ್ನ ಹೊತ್ತು ತಂದು ಸುಲಿದು, ತೊಗಲನ್ನ ತೊಳೆದು ಸುಣ್ಣದ ಗುಂಡಿಗೆ ಹಾಕ್ತಿದ್ದರು. ಸುಣ್ಣ ಬಲವಾದ ಕ್ಷಾರ. ಅದು ಕೂದಲಿನ ಬೇರು ಸಡಿಲಿಸುತ್ತದೆ, ತೊಗಲನ್ನ ಉಬ್ಬಿಸಿ ನಾರುಗಳ ನಡುವೆ ಜಾಗ ಮಾಡುತ್ತದೆ. ಒಂದೆರಡು ದಿನ ಕಡಿಮೆಯಾದರೆ ಕೂದಲು ಕೀಳೋದಿಲ್ಲ. ಹೆಚ್ಚಾದರೆ ತೊಗಲೇ ಹಾಳು. ಬೇಸಿಗೆಗೆ ಒಂದು ಲೆಕ್ಕ, ಚಳಿಗಾಲಕ್ಕೆ ಇನ್ನೊಂದು. ಗಡಿಯಾರ ಇಲ್ಲ, ತಾಪಮಾಪಕ ಇಲ್ಲ, ಬೆರಳಲ್ಲಿ ಹಿಚುಕಿ ನೋಡಿ ಹೇಳಬೇಕು. ಆಮೇಲೆ ಕೂದಲನ್ನೂ ಒಳಗಿನ ಮಾಂಸವನ್ನೂ ಕೆರೆದು, ಸುಣ್ಣ ಹೋಗುವ ತನಕ ತೊಳೆದು, ತಂಗಡಿ ತೊಗಟೆಯ ರಸಕ್ಕೆ ಹಾಕೋದು. ತಂಗಡಿ ಗೊತ್ತಲ್ಲ? ಬಯಲುಸೀಮೆಯ ರಸ್ತೆಬದಿ ತುಂಬ ಹಳದಿ ಹೂ ಬಿಡುವ ಗಿಡ. ಅದರ ತೊಗಟೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಟ್ಯಾನಿನ್ ಇದೆ. ಅಷ್ಟೆಲ್ಲ ಗಿಡಗಳ ನಡುವೆ ಈ ಗಿಡವನ್ನೇ ಹುಡುಕಿ ತೆಗೆದವರು ಯಾರು? ಎಷ್ಟು ತಲೆಮಾರಿನ ಪ್ರಯೋಗ ಅದು?

ಕೆಲವು ಕಡೆ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಕುಟ್ಟಿದ ತೊಗಟೆಯನ್ನೂ ರಸವನ್ನೂ ತುಂಬಿ, ಮರದ ಕೊಂಬೆಗೋ ಕವೆಗೋ ತೂಗುಹಾಕ್ತಿದ್ದರು. ರಸದ ಭಾರವೇ ರಸವನ್ನ ತೊಗಲಿನ ಒಳಗಿಂದ ಹೊರಕ್ಕೆ ನೂಕುತ್ತದೆ. ತೊಟ್ಟಿಕ್ಕಿದ್ದನ್ನ ಕೆಳಗೆ ಮಡಕೆಯಲ್ಲಿ ಹಿಡಿದು ಮತ್ತೆ ಮೇಲೆ ಸುರಿಯೋದು. ಹದ ಬಂತೋ ಇಲ್ಲವೋ ಅಂತ ಅಂಚಿನಲ್ಲಿ ಸಣ್ಣಗೆ ಕೊಯ್ದು ನೋಡೋರು. ಕೊಯ್ದ ಕಡೆ ನಡುವೆ ಬಿಳಿ ಗೆರೆ ಉಳಿದಿದ್ದರೆ ಇನ್ನೂ ಆಗಿಲ್ಲ, ಬಣ್ಣ ಈ ಕಡೆಯಿಂದ ಆ ಕಡೆಗೆ ಒಂದೇ ಆಗಿದ್ದರೆ ಆಯಿತು. ಕಡೆಗೆ ಅಳಲೆಕಾಯಿ ರಸ, ಹೊಂಗೆ ಎಣ್ಣೆ. ಇಷ್ಟಕ್ಕೆ ವಾರಗಳೇ ಬೇಕು. ಹದ ಅನ್ನೋ ಮಾತನ್ನ ಹೊಲಕ್ಕೂ ಪಾಕಕ್ಕೂ ತೊಗಲಿಗೂ ಒಂದೇ ಹಾಗೆ ಬಳಸೋ ಭಾಷೆ ನಮ್ಮದು. ಆದರೆ ಹದ ಬಲ್ಲ ಈ ಕೈಯನ್ನ ಮುಟ್ಟಬಾರದು ಅಂತ ಬರೆದಿಟ್ಟವರೂ ನಮ್ಮ ದೇಶದವರೇ.

ಈ ತೊಗಲು ಇಲ್ಲದೆ ಊರು ನಡೀತಿತ್ತಾ? ನೇಗಿಲಿನ ಮಿಣಿ ಇಲ್ಲ, ಬಾರುಕೋಲು ಇಲ್ಲ, ಜಾತ್ರೆಗೆ ತಮಟೆ ಇಲ್ಲ. ಎಲ್ಲಕ್ಕಿಂತ ದೊಡ್ಡದು ಕಪಿಲೆ. ಪಂಪು ಬರೋ ಮೊದಲು ಬಾವಿಯಿಂದ ಗದ್ದೆ ತೋಟಕ್ಕೆ ನೀರೆತ್ತಿದ್ದು ಎತ್ತು ಎಳೆಯುವ ತೊಗಲಿನ ಚೀಲ. ಸತ್ತ ದನದ ತೊಗಲು ಬಾವಿಗೆ ಇಳೀಬಹುದು, ಅದನ್ನ ಹದ ಮಾಡಿದ ಮನುಷ್ಯ ಬಾವಿಯ ಕಟ್ಟೆ ಹತ್ತಬಾರದು. ಈ ತರ್ಕಕ್ಕೆ ಯಾವ ಶಾಸ್ತ್ರದಲ್ಲಿ ಸಮೀಕರಣ ಇದೆಯೋ ಕಾಣೆವು.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಅಂತ ಕಸುಬು, ಜಾತಿಯ ಹೆಸರನ್ನೇ ಮುಂದಿಟ್ಟುಕೊಂಡು ಶರಣರು ನಿಂತರು. ಅದು ಸಣ್ಣ ಮಾತಲ್ಲ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಅನ್ನೋ ಕಥೆ ನಾವೆಲ್ಲ ಕೇಳಿದ್ದೀವಿ. ಕಥೆ ಹೇಳುವವರು ತೊಡೆ ಕೊಯ್ದುಕೊಂಡ ಭಕ್ತಿಯನ್ನ ಕಣ್ಣೀರು ಬರೋ ಹಾಗೆ ಹೇಳ್ತಾರೆ. ಆ ಚರ್ಮವನ್ನ ಹದ ಮಾಡಿದ ವಿದ್ಯೆಯನ್ನ ಹೇಳೋದಿಲ್ಲ. ಕೆಳಜಾತಿಯವನ ಭಕ್ತಿಗೆ ಸ್ಥಳ ಸಿಕ್ಕಿತು, ಅವನ ಬುದ್ಧಿಗೆ ಇನ್ನೂ ಸಿಕ್ಕಿಲ್ಲ.

ಇದನ್ನ ನಾವು ಮಾತ್ರ ಹೇಳ್ತಿಲ್ಲ. ಬಂಗಾಳದ ಪ್ರಫುಲ್ಲಚಂದ್ರ ರಾಯ್ ಅವರು ಜಮೀನ್ದಾರರ ಮನೆಯ ಮಗ, ಎಡಿನ್‌ಬರೋದಲ್ಲಿ ಓದಿ ಬಂದ ರಸಾಯನಶಾಸ್ತ್ರಜ್ಞ. ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನ ಎರಡು ಸಂಪುಟವಾಗಿ ಬರೆದರು, ಮೊದಲನೆಯದು 1902ರಲ್ಲಿ, ಎರಡನೆಯದು 1909ರಲ್ಲಿ. ಪ್ರಾಚೀನರ ಹೆಮ್ಮೆ ಸಾರೋಕೆ ಆ ಪುಸ್ತಕವನ್ನ ಇವತ್ತೂ ಎತ್ತಿ ತೋರಿಸೋರಿದ್ದಾರೆ. ಅದರೊಳಗಿನ ಒಂದು ಅಧ್ಯಾಯವನ್ನ ಮಾತ್ರ ಅವರು ಮೆತ್ತಗೆ ಮಗುಚಿಬಿಡ್ತಾರೆ. ಈ ದೇಶದಲ್ಲಿ ವಿಜ್ಞಾನದ ಮನಸ್ಸು ಯಾಕೆ ಸತ್ತಿತು ಅಂತ ರಾಯ್ ಅಲ್ಲಿ ಕೇಳ್ತಾರೆ. ಜಾತಿ ಗಟ್ಟಿಯಾಯಿತು, ಕೈಕಸುಬು ಕೀಳಾಯಿತು, ಹೆಣ ಮುಟ್ಟೋದು ಮೈಲಿಗೆಯಾಗಿ ಸುಶ್ರುತನ ಅಂಗಚ್ಛೇದನ ನಿಂತಿತು, ಓದುಬಲ್ಲವರು ಕುಲುಮೆ ಬಾನಿಗಳಿಂದ ದೂರ ಸರಿದರು, ಏನು, ಯಾಕೆ, ಹೇಗೆ ಅಂತ ಕೇಳೋ ಅಭ್ಯಾಸವೇ ಹೋಯಿತು ಅಂತ ಉತ್ತರ ಕೊಡ್ತಾರೆ. ರಾಯ್ ಹೇಳಿದ್ದಕ್ಕೆ ನಾವು ಒಂದು ಮಾತು ಸೇರಿಸಬೇಕು. ಯಾಕೆ, ಹೇಗೆ ಅಂತ ಕೇಳೋದು ಗುಂಡಿಯ ಬಳಿ ನಿಂತಿರಲಿಲ್ಲ. ಅಲ್ಲಿ ಕೇಳಿದವನಿಗೆ ಬರೆಯೋಕೆ ಅಕ್ಷರ ಕೊಟ್ಟಿರಲಿಲ್ಲ ಅಷ್ಟೆ.

ಇದೇ ಕಾಚು ಸಮುದ್ರ ದಾಟಿದಾಗ ಏನಾಯಿತು ನೋಡಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ 1801ರಲ್ಲಿ ಹಂಫ್ರಿ ಡೇವಿ ಎಂಬ ಹುಡುಗ ಸೇರಿದ. ಮರದ ಕೆತ್ತನೆಯವನ ಮಗ. ಚರ್ಮ ಹದ ಮಾಡುವ ವಿದ್ಯೆಯನ್ನ ಪರೀಕ್ಷೆ ಮಾಡು ಅಂತ ಅವನಿಗೆ ಕೆಲಸ ಕೊಟ್ಟರು. ಇಂಗ್ಲೆಂಡಿನಲ್ಲಿ ಓಕ್ ಮರದ ತೊಗಟೆಯಿಂದ ಹದ ಮಾಡ್ತಿದ್ದರು. ಡೇವಿಯ ಮೇಜಿಗೆ ಮುಂಬಯಿ ಮತ್ತು ಬಂಗಾಳದ ಕಡೆಯ ಕಾಚಿನ ಉಂಡೆಗಳು ಬಂದವು. ಕಗ್ಗಲಿ ಮರದ ಚೇಗನ್ನ ಕೊಚ್ಚಿ, ಕುದಿಸಿ, ಬತ್ತಿಸಿ ತೆಗೆಯುವ ಕಾಚು. ಅದರಲ್ಲಿ ಓಕ್ ತೊಗಟೆಗಿಂತ ಎಷ್ಟೋ ಪಟ್ಟು ಹೆಚ್ಚು ಒಗರಿದೆ ಅಂತ ಅವನು ತೂಗಿ ತೋರಿಸಿದ. 1803ರಲ್ಲಿ ಪ್ರಬಂಧ ಅಚ್ಚಾಯಿತು. 1805ರಲ್ಲಿ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಕಾಚು ಕುದಿಸಿದವನ ಹೆಸರು ಪ್ರಬಂಧದಲ್ಲಿ ಇರಬೇಕಿತ್ತು ಅಂತ ನಾವು ಹಠ ಹಿಡೀತಿಲ್ಲ. ನಮ್ಮ ಮಾತು ಇಷ್ಟೆ: ಚರ್ಮ ಮುಟ್ಟಿದ ಅಂತ ಯಾರೂ ಡೇವಿಯನ್ನ ಊರಾಚೆ ಇಡಲಿಲ್ಲ.

ಹಾಗಂತ ಇಂಗ್ಲೆಂಡು ಸ್ವರ್ಗವಾಗಿರಲಿಲ್ಲ. ಕಮ್ಮಾರನ ಮಗ ಮೈಕಲ್ ಫ್ಯಾರಡೆ 1813ರಲ್ಲಿ ಇದೇ ಡೇವಿಗೆ ಸಹಾಯಕನಾಗಿ ಸೇರಿ ಅವರ ಜೊತೆ ಯೂರೋಪು ಸುತ್ತಲು ಹೋದಾಗ, ಡೇವಿಯ ಹೆಂಡತಿ ಅವನನ್ನ ಆಳುಗಳ ಸಾಲಿನಲ್ಲಿ ಕೂರಿಸಿ ಉಣಿಸಿದಳು. ಲಂಡನ್ನಿನ ಬೀದಿಯಲ್ಲಿ ನಾಯಿ ಹೇಲು ಆಯ್ದು ಚರ್ಮದ ಮಂಡಿಗಳಿಗೆ ಮಾರಿ ಬದುಕ್ತಿದ್ದ ಮುದುಕಿಯರಿದ್ದರು. ಹೆನ್ರಿ ಮೇಹ್ಯೂ 1851ರಲ್ಲಿ ಲಂಡನ್ನಿನ ಬಡವರ ಬಗ್ಗೆ ಬರೆದ ಪುಸ್ತಕದಲ್ಲಿ ಅವರ ಪಾಡು ಇದೆ. ಸುಣ್ಣದಿಂದ ಎತ್ತಿದ ತೊಗಲನ್ನ ಮೆತ್ತಗೆ ಮಾಡೋಕೆ ಆ ಹೇಲು ಬೇಕಿತ್ತು. ಅದನ್ನ ಆ ಕಸುಬಿನವರು ಏನಂತ ಕರೀತಿದ್ದರು ಗೊತ್ತಾ? ಪ್ಯೂರ್ ಅಂತ! ಶುದ್ಧ! ತೊಗಲನ್ನ ಶುದ್ಧ ಮಾಡುತ್ತೆ ಅಂತ ಆ ಹೆಸರು. ನಮ್ಮಲ್ಲಿ ಮಡಿ ಮೈಲಿಗೆ ಬರೆದವರಿಗೆ ಇದನ್ನ ತೋರಿಸಬೇಕಿತ್ತು. ಜರ್ಮನಿಯ ಒಟ್ಟೊ ರೋಮ್ ಎಂಬ ರಸಾಯನಶಾಸ್ತ್ರಜ್ಞ ಆ ಹೇಲಿನಲ್ಲಿ ಕೆಲಸ ಮಾಡೋದು ಕಿಣ್ವ ಅಂತ ತಿಳಿದು, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಕಿಣ್ವ ತೆಗೆದು, 1907ರಲ್ಲಿ ಒಟ್ಟೊ ಹಾಸ್ ಜೊತೆ ಕಂಪನಿ ಕಟ್ಟಿದ. ಮುಂದೆ ಅದು ಲೋಕಕ್ಕೆಲ್ಲ ಗೊತ್ತಾದ ದೊಡ್ಡ ಕಂಪನಿ. ಹೇಲಿನ ಪ್ರಶ್ನೆಯನ್ನ ಪ್ರಶ್ನೆಯಾಗಿ ನೋಡೋ ಸಮಾಜದಲ್ಲಿ ಹೇಲು ಎತ್ತೋ ಕೆಲಸ ನಿಲ್ಲುತ್ತದೆ.

ಇನ್ನು ಕ್ರೋಮ್. ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಜ್ 1884ರಲ್ಲಿ ಕ್ರೋಮಿಯಂ ಲವಣದಿಂದ ಹದ ಮಾಡುವುದಕ್ಕೆ ಪೇಟೆಂಟ್ ತಗೊಂಡ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ 1903ರಲ್ಲಿ ಇದರ ಪ್ರಯೋಗ ಶುರು ಮಾಡಿಸಿದ. ಆದರೂ ತಂಗಡಿ ಸಾಯಲಿಲ್ಲ. ದಕ್ಷಿಣದ ತಂಗಡಿ ತೊಗಲು ಲಂಡನ್ನಿಗೆ ಹೋಗ್ತಲೇ ಇತ್ತು, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಬೂಟಿಗೂ ಅದು ಬೇಕಾಯಿತು. ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕನಾದ. ಯುದ್ಧ ಬಂದು ಜರ್ಮನಿಗೆ ಹೋಗ್ತಿದ್ದ ಗಂಧದ ಮರ ನಿಂತಾಗ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯೋದು ಶುರುವಾಯಿತು. ಮೈಸೂರಿನ ರಸಾಯನ ಅಂದರೆ ಎಲ್ಲರ ನೆನಪಿಗೂ ಬರೋದು ಆ ಗಂಧ, ಆ ಸಾಬೂನು. ತಂಗಡಿಯ ನೆನಪು ಯಾರಿಗೂ ಇಲ್ಲ. ವಾಸನೆಗೂ ಜಾತಿ ಇದೆ.

1948ರಲ್ಲಿ ಮದರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಬಂತು. ಗುಂಟೂರು ಜಿಲ್ಲೆಯ ಹಳ್ಳಿಯಿಂದ ಬಂದ ನಾಯುಡಮ್ಮ ಅದನ್ನ ಲೋಕಪ್ರಸಿದ್ಧ ಮಾಡಿದರು. ಚರ್ಮಕ್ಕೆ ಪದವಿ ಬಂತು, ಡಾಕ್ಟರೇಟ್ ಬಂತು, ರಫ್ತು ಬಂತು, ಮೇಲ್ಜಾತಿಯ ಬಂಡವಾಳವೂ ಬಂತು. ಲಾಭ ಬಂದಕೂಡಲೆ ಮೈಲಿಗೆ ಎಲ್ಲಿ ಹೋಯಿತೋ! ಆದರೆ ಗುಂಡಿಯೊಳಗೆ ಇಳಿಯುವ ಕಾಲುಗಳು ಬದಲಾಗಲಿಲ್ಲ. ವೆಲ್ಲೂರು, ಆಂಬೂರು, ರಾಣಿಪೇಟೆಗಳ ಕಡೆ ಪಾಲಾರ್ ನದಿ ಚರ್ಮದ ಕಾರ್ಖಾನೆಗಳ ನೀರು ಕುಡಿದು ಕೆಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟು ಕೆಡಿಸಿದವನೇ ತೆರಬೇಕು ಅಂತ ತೀರ್ಪು ಕೊಟ್ಟಿತು. 2015ರ ಜನವರಿ 31ರಂದು ರಾಣಿಪೇಟೆಯಲ್ಲಿ ಕಾರ್ಖಾನೆಗಳ ಕೊಳಚೆ ಶುದ್ಧಿ ಮಾಡುವ ಘಟಕದ ಕೆಸರು ತೊಟ್ಟಿಯ ಗೋಡೆ ಒಡೆದು, ಮಲಗಿದ್ದ 10 ಮಂದಿ ಸತ್ತರು. ಬಹುಪಾಲು ಬಂಗಾಳದಿಂದ ಕೂಲಿಗೆ ಬಂದವರು.

ಹಾಗಾದರೆ ನಾವು ತಂಗಡಿ ಗುಂಡಿಗೆ ಹಿಂದಿರುಗಬೇಕೇ? ಕುಲಕಸುಬಿನ ಜ್ಞಾನ ಅಂತ ಈಗ ಹೊಗಳೋ ಮಂದಿ ಬಹಳ. ಎಚ್ಚರ ಇರಬೇಕು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದರು, ಹೊರೋದನ್ನೂ ಬಿಡಿ ಅನ್ನೋದು ಚಳವಳಿಯ ಮಾತಾಯಿತು. ಆ ಮಾತನ್ನ ನಾವು ಬಿಡೋದಿಲ್ಲ. ವಿದ್ಯೆ ನಮ್ಮದು ಅನ್ನೋದು ಬೇರೆ, ಗುಂಡಿ ನಮ್ಮದು ಅನ್ನೋದು ಬೇರೆ. ನಮ್ಮ ಅಜ್ಜಂದಿರ ವಿದ್ಯೆಗೆ ರಸಾಯನಶಾಸ್ತ್ರ ಅಂತ ಹೆಸರು ಬರೀತೀವಿ, ನಮ್ಮ ಮಕ್ಕಳನ್ನ ಪ್ರಯೋಗಶಾಲೆಗೆ ಕಳಿಸ್ತೀವಿ.

ಆ ಪ್ರಯೋಗಶಾಲೆಯ ಬಗ್ಗೆ ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಕಾಲೇಜುಗಳಲ್ಲಿ ಬಹುಕಾಲ ಕಿಪ್ ಉಪಕರಣ ಅಂತ ಒಂದಿತ್ತು. ಲವಣ ಪರೀಕ್ಷೆಗೆ ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತಯಾರಿಸ್ತಿದ್ದರು. ಕೊಳೆತ ಮೊಟ್ಟೆಯ ವಾಸನೆ, ಹುಡುಗರೆಲ್ಲ ಮೂಗು ಮುಚ್ಚಿಕೊಂಡು ನಗೋರು. ಚರ್ಮದ ಕಾರ್ಖಾನೆಯಲ್ಲಿ ಕೂದಲು ತೆಗೆಯೋಕೆ ಸುಣ್ಣದ ಜೊತೆ ಸೋಡಿಯಂ ಸಲ್ಫೈಡ್ ಹಾಕ್ತಾರೆ, ಆ ನೀರಿಗೆ ಆಮ್ಲ ಸೇರಿದರೆ ಬರೋದು ಇದೇ ಅನಿಲ. ಮುಚ್ಚಿದ ಮಲದ ಗುಂಡಿಯಲ್ಲಿ, ಒಳಚರಂಡಿಯಲ್ಲಿ ತಾನಾಗಿ ಹುಟ್ಟೋದೂ ಇದೇ. ಗುಂಡಿಗೆ ಮನುಷ್ಯರನ್ನ ಇಳಿಸಬಾರದು ಅಂತ 2013ರ ಕಾಯ್ದೆ ಇದೆ. ಸತ್ತವರ ಮನೆಗೆ ಕೊಡಬೇಕಾದ ಪರಿಹಾರವನ್ನ 2014ರಲ್ಲಿ 10 ಲಕ್ಷ ಅಂತಲೂ 2023ರಲ್ಲಿ 30 ಲಕ್ಷ ಅಂತಲೂ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಇಳಿಸ್ತಾರೆ, ಇಳಿದವರು ಸಾಯ್ತಾರೆ. ಕೇರಿಯ ಪಕ್ಕದ ಶಾಲೆಯಲ್ಲಿ ಈ ಒಂದು ಪಾಠವನ್ನ ಪುಸ್ತಕದಲ್ಲಿ ಇರಲಿ ಬಿಡಲಿ ಮಾಡಿ. ಆ ಅನಿಲ ಸ್ವಲ್ಪ ಇದ್ದರೆ ನಾರುತ್ತೆ. ಹೆಚ್ಚಾದರೆ ಮೂಗೇ ಸತ್ತುಹೋಗಿ ವಾಸನೆ ಇಲ್ಲ ಅನ್ನಿಸುತ್ತೆ. ನಾತ ಹೋಯಿತು, ಇನ್ನು ಇಳೀಬಹುದು ಅಂತ ಮೇಸ್ತ್ರಿ ಹೇಳೋದು ಆ ಹೊತ್ತಿನಲ್ಲೇ. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲಿ ಕೂತಿರುತ್ತೆ. ಮೊದಲು ಇಳಿದವನು ಬಿದ್ದ ಅಂತ ಎತ್ತೋಕೆ ಇಳಿದ ತಮ್ಮನೂ, ತಮ್ಮನನ್ನ ಎತ್ತೋಕೆ ಇಳಿದ ಪಕ್ಕದ ಮನೆಯವನೂ ಅಲ್ಲೇ ಬೀಳೋದು ಅದಕ್ಕೇ.